ಹೆಸರು ಹಿಡಿದು ಹೇಳುವ ಸ್ತೋತ್ರ

ಅಮೆರಿಕದ ಎಪಿಸ್ಕೋಪಲ್ ಚರ್ಚುಗಳಲ್ಲಿ ಸೆಪ್ಟೆಂಬರ್ ಕೊನೆ ಬಂತೆಂದರೆ ಕೆಲಸ ಜಾಸ್ತಿ. ಸೆಪ್ಟೆಂಬರ್ 29 ಮಿಕಾಯೇಲ ಮತ್ತು ಎಲ್ಲ ದೇವದೂತರ ದಿನ. ಅಕ್ಟೋಬರ್ 4 ಅಸ್ಸಿಸಿಯ ಫ್ರಾನ್ಸಿಸರ ದಿನ. ನವೆಂಬರ್ 1 ಆಲ್ ಸೇಂಟ್ಸ್, ಅಂದರೆ ಎಲ್ಲ ಸಂತರ ದಿನ, ಮರುದಿನ ತೀರಿಹೋದ ಎಲ್ಲ ವಿಶ್ವಾಸಿಗಳ ನೆನಪು. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅಮೆರಿಕದ ಕೃತಜ್ಞತೆಯ ಹಬ್ಬ. ಮುಂದಿನ ವರ್ಷಕ್ಕೆ ಯಾರು ಎಷ್ಟು ಕಾಣಿಕೆ ಕೊಡುತ್ತೀರಿ ಅಂತ ಸಭೆ ಕೇಳುವುದೂ ಈ ದಿನಗಳಲ್ಲೇ. ನ್ಯೂಜೆರ್ಸಿಯ ನಮ್ಮ ಸಣ್ಣ ಪ್ಯಾರಿಷ್‌ನಲ್ಲಿ, ಅಂದರೆ ಸ್ಥಳೀಯ ಸಭೆಯಲ್ಲಿ, ಈ ಎರಡು ತಿಂಗಳ ಏರ್ಪಾಡು ಕೆಲವು ವರ್ಷಗಳಿಂದ ನನ್ನ ಕೈಯಲ್ಲಿದೆ. ಅದನ್ನು ಹೇಗೆ ಮಾಡುತ್ತೇನೆ ಅಂತ ಬರೆದಿಡುತ್ತಿದ್ದೇನೆ.

ನಾನು ಬೆಳೆದದ್ದು ಮಂಗಳೂರು ಕಡೆಯ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯಲ್ಲಿ. ಬಾಸೆಲ್ ಮಿಶನ್ ಅಲ್ಲಿಗೆ ಬಂದದ್ದು 1834ರಲ್ಲಿ. 1947ರಲ್ಲಿ ಸಿಎಸ್‌ಐ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳೆಲ್ಲ ಅದರಲ್ಲಿ ಒಂದಾದವು. ಸಿಎಸ್‌ಐ ಆಂಗ್ಲಿಕನ್ ಬಳಗಕ್ಕೆ, ಅಂದರೆ ಇಂಗ್ಲೆಂಡಿನ ಸಭೆಯ ನಂಟಿನ ಸಭೆಗಳ ಗುಂಪಿಗೆ ಸೇರಿದೆ, ಎಪಿಸ್ಕೋಪಲ್ ಚರ್ಚೂ ಅದಕ್ಕೇ ಸೇರಿದೆ. ಹಾಗಾಗಿ ಇಲ್ಲಿಗೆ ಬಂದಾಗ ಆರಾಧನೆಯ ಕ್ರಮ ನನಗೆ ಹೊಸದು ಅನ್ನಿಸಲಿಲ್ಲ. ಊರಲ್ಲಿ ನಮಗೆ ಸುಗ್ಗಿ ಹಬ್ಬ ದೊಡ್ಡದು. ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿ, ಎಲ್ಲವೂ ದೇವಾಲಯಕ್ಕೆ ಬರುತ್ತಿದ್ದವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಪಕ್ಕದ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಹೊಸ ತೆನೆ ತಂದು ಮನೆಯವರಿಗೆಲ್ಲ ಹಂಚುತ್ತಿದ್ದರು. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿನ ಮೂಲಕ ದೇವರಿಗೆ ಸ್ತೋತ್ರ ಹೇಳುವುದು ನನಗೆ ಚಿಕ್ಕಂದಿನಿಂದ ಅಭ್ಯಾಸವಾದ ದಾರಿ.

ಇಲ್ಲಿ ಈ ಕೆಲಸ ಹಿಡಿದಾಗ ಒಂದೇ ನಿಯಮ ಇಟ್ಟುಕೊಂಡೆ. "ಎಲ್ಲದಕ್ಕೂ ಸ್ತೋತ್ರ" ಅಂತ ಸುಮ್ನೆ ಹೇಳಿ ಮುಗಿಸಬಾರದು. ಯಾವುದಕ್ಕೆ, ಯಾರಿಂದ ಬಂದದ್ದಕ್ಕೆ ಅನ್ನುವುದನ್ನು ಹೆಸರು ಹಿಡಿದು ಹೇಳಬೇಕು. ಮುಂದೆ ಬರೆದಿರುವುದೆಲ್ಲ ಆ ನಿಯಮವನ್ನು ಕೆಲಸಕ್ಕೆ ಇಳಿಸಿದ ಬಗೆ.

ಮೊದಲು ನೀಲಿ ಪೆಟ್ಟಿಗೆಯ ವಿಷಯ. ಎಪಿಸ್ಕೋಪಲ್ ಚರ್ಚಿನ ಹೆಂಗಸರು 1889ರಲ್ಲಿ ಒಂದು ಕಾಣಿಕೆ ಶುರು ಮಾಡಿದರು. ಅದೇ ಇವತ್ತಿನ ಯುನೈಟೆಡ್ ಥ್ಯಾಂಕ್ ಆಫರಿಂಗ್. ಆ ವರ್ಷ ಕೂಡಿದ್ದು 2,188 ಡಾಲರ್. ಅದರಿಂದ ಅಲಾಸ್ಕದ ಆನ್ವಿಕ್‌ನಲ್ಲಿ ಚರ್ಚು ಕಟ್ಟಲು ನೆರವಾದರು, ಜಪಾನಿಗೆ ಒಬ್ಬ ಮಹಿಳಾ ಮಿಷನರಿಯನ್ನು ಕಳಿಸಿದರು. ಈಗಲೂ ಮನೆಮನೆಗೆ ರಟ್ಟಿನ ಸಣ್ಣ ನೀಲಿ ಪೆಟ್ಟಿಗೆ ಕೊಡುತ್ತೇವೆ. ದಿನದಲ್ಲಿ ಏನಾದರೂ ಒಳ್ಳೆಯದಾದರೆ ಅದನ್ನು ನೆನೆದು ಒಂದು ನಾಣ್ಯ ಹಾಕಬೇಕು. ವಸಂತದಲ್ಲೊಮ್ಮೆ, ಎಲೆ ಉದುರುವ ಕಾಲದಲ್ಲೊಮ್ಮೆ ಎಲ್ಲರ ಪೆಟ್ಟಿಗೆಯನ್ನೂ ಚರ್ಚಿಗೆ ತಂದು ಕೂಡಿಸುತ್ತೇವೆ. ಬಂದ ಹಣವೆಲ್ಲ ಅನುದಾನವಾಗಿ ಬೇರೆಯವರ ಕೆಲಸಕ್ಕೆ ಹೋಗುತ್ತದೆ. ನಮ್ಮ ಪ್ಯಾರಿಷ್‌ನ ಖರ್ಚಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ.

ನನಗೆ ಇದು ಹಿಡಿಯಕ್ಕಿಯಂತೆ ಕಂಡಿತು. ಅಮ್ಮ ಅನ್ನಕ್ಕೆ ಇಡುವ ಮೊದಲು ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು, ಸಭೆಗೆ ಅಂತ. ಡಬ್ಬಿ ಒಲೆಯ ಹತ್ತಿರವೇ ಇರುತ್ತಿತ್ತು. ಹಾಗಾಗಿ ಪೆಟ್ಟಿಗೆ ಕೊಡುವಾಗ ನಾನು ಮೊದಲು ಹೇಳುವುದು ಅದನ್ನು ಎಲ್ಲಿಡಬೇಕು ಅನ್ನುವುದು. ದೇವರ ಪುಸ್ತಕಗಳ ಪಕ್ಕ ಕಪಾಟಿನಲ್ಲಿ ಇಟ್ಟರೆ ಮರೆತೇಹೋಗುತ್ತದೆ. ಕಾಫಿ ಮಾಡುವ ಜಾಗದಲ್ಲಿ ಇಡಿ, ದಿನಾ ಕೈ ಹೋಗುವಲ್ಲಿ.

ಇನ್ನೊಂದು ತೊಂದರೆ ಇತ್ತು. ಈಗ ಯಾರ ಹತ್ತಿರವೂ ಚಿಲ್ಲರೆ ಇರುವುದಿಲ್ಲ, ಅಲ್ವಾ? ಎಲ್ಲರದ್ದೂ ಕಾರ್ಡು, ಫೋನು. ಅದಕ್ಕೆ ಪೆಟ್ಟಿಗೆಯ ಜೊತೆ ಚಿಕ್ಕ ಚೀಟಿಗಳ ಕಟ್ಟು, ಒಂದು ಪೆನ್ಸಿಲ್ ಕೊಡಲು ಶುರು ಮಾಡಿದೆ. ನಾಣ್ಯದ ಬದಲು ಚೀಟಿ ಹಾಕಿ. ಮೇಲೆ ಮೊತ್ತ, ಕೆಳಗೆ ಕಾರಣ. ಕೂಡಿಸುವ ಭಾನುವಾರದ ಹಿಂದಿನ ರಾತ್ರಿ ಎಲ್ಲ ಚೀಟಿ ತೆಗೆದು ಮೊತ್ತ ಕೂಡಿ ಒಂದು ಚೆಕ್ ಬರೆಯಿರಿ. ಆ ರಾತ್ರಿಯೇ ಇದರ ನಿಜವಾದ ಹಬ್ಬ ಅಂತ ನನಗೆ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಊಟ ಆದಮೇಲೆ ಎಲ್ಲರೂ ಕೂತು ಒಂದೊಂದೇ ಚೀಟಿ ಓದುತ್ತೇವೆ. "ಪಕ್ಕದ ಮನೆಯವರು ನಮ್ಮ ಡ್ರೈವ್‌ವೇಯ ಹಿಮ ತೆಗೆದರು." "ಅಜ್ಜಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು." "ಗಣಿತದ ಟೀಚರ್ ಇನ್ನೊಮ್ಮೆ ಹೇಳಿಕೊಟ್ಟರು." ಮಕ್ಕಳು ಬರೆದದ್ದು ನಮಗೆ ಗೊತ್ತೇ ಇರುವುದಿಲ್ಲ. ಅವರ ದಿನಗಳು ಹೇಗೆ ಕಳೆದವು ಅಂತ ಆ ಚೀಟಿಗಳಿಂದ ತಿಳಿಯುತ್ತದೆ.

ಫ್ರಾನ್ಸಿಸರ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಕುಪ್ರಾಣಿಗಳನ್ನು ಆಶೀರ್ವದಿಸುವ ದಿನ ಅದು. ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಕ್ಯಾಥೆಡ್ರಲ್‌ನಲ್ಲಿ ಒಂಟೆಯಂಥ ದೊಡ್ಡ ಪ್ರಾಣಿಗಳನ್ನೂ ಮೆರವಣಿಗೆಯಲ್ಲಿ ಒಳಗೆ ಕರೆತಂದದ್ದುಂಟು. ನಮ್ಮಲ್ಲಿ ನಾಯಿ, ಬೆಕ್ಕು, ಒಂದೆರಡು ಮೊಲ. ಹುಲ್ಲಿನ ಮೇಲೆ ಹೊರಗೇ ಮಾಡುತ್ತೇವೆ. ನೀರಿನ ಬೋಗುಣಿ ಜಾಸ್ತಿ ಇಡಿ, ಬೆಕ್ಕುಗಳಿಗೆ ಬೇರೆ ಮೂಲೆ ಕೊಡಿ. ರೆಕ್ಟರ್, ಅಂದರೆ ನಮ್ಮ ಪ್ಯಾರಿಷ್‌ನ ಪಾದ್ರಿ, ಪ್ರತಿ ಪ್ರಾಣಿಯ ಹೆಸರು ಕೇಳಿ, ಆ ಹೆಸರು ಹೇಳಿಯೇ ಆಶೀರ್ವದಿಸುತ್ತಾರೆ. ಅಷ್ಟು ಸಾಕು.

ಅಕ್ಟೋಬರಿನ ನಡುವೆ ನಾನು ಸುಗ್ಗಿ ಭಾನುವಾರ ಇಟ್ಟೆ. ಇದು ಆರಾಧನೆಯ ಕ್ರಮಗಳಿರುವ ನಮ್ಮ ಪ್ರಾರ್ಥನಾ ಪುಸ್ತಕದ ಪಂಚಾಂಗದಲ್ಲಿರುವ ಹಬ್ಬವಲ್ಲ, ಊರಿಂದ ನಾನು ತಂದದ್ದು. ವೆಸ್ಟ್ರಿಯವರ ಮುಂದೆ, ಅಂದರೆ ಇಲ್ಲಿಯ ಸಭಾ ಕಮಿಟಿಯ ಮುಂದೆ, ಹರಾಜಿನ ಮಾತೆತ್ತಿದಾಗ ಅವರು ಮೇಜಿನ ಮೇಲೆ ಕಾಗದ ಇಟ್ಟು, ಬೇಕಾದವರು ಬೆಲೆ ಬರೆದು ಹೋಗುವ ಮೌನ ಹರಾಜು ಅಂದುಕೊಂಡರು. ಬೇಡ, ಗಟ್ಟಿಯಾಗಿ ಕೂಗುವ ಹರಾಜೇ ಆಗಬೇಕು ಅಂದೆ. ಯಾಕೆಂದರೆ ಕೂಗುವಾಗ ವಸ್ತುವಿನ ಜೊತೆ ತಂದವರ ಹೆಸರೂ ಕೇಳಿಸುತ್ತದೆ.

ಬರುವುದು ಸೇಬು, ಜೇನು, ಸಿಹಿಗುಂಬಳ, ಬ್ರೆಡ್ಡು, ಜಾಮ್, ಕೇಲ್ ಸೊಪ್ಪು. ನ್ಯೂಜೆರ್ಸಿಯ ಪೈನ್ ಬ್ಯಾರನ್ಸ್‌ನಲ್ಲಿ ಕ್ರ್ಯಾನ್‌ಬೆರಿ ಅನ್ನುವ ಹುಳಿಯಾದ ಕೆಂಪು ಹಣ್ಣಿನ ಕೊಯ್ಲು ನಡೆಯುವುದೂ ಅಕ್ಟೋಬರಿನಲ್ಲೇ. ಅದೂ ಬುಟ್ಟಿಗಟ್ಟಲೆ ಬರುತ್ತದೆ. ನಾನು ಹಿತ್ತಿಲಿನ ಸೋರೆಕಾಯಿ, ಹಾಗಲಕಾಯಿ, ಕುಂಡದ ಕರಿಬೇವಿನ ಗಿಡ ಒಯ್ಯುತ್ತೇನೆ. ಊರಿನ ಒಂದು ಪದ್ಧತಿಯನ್ನು ಬಿಡದೆ ಉಳಿಸಿಕೊಂಡೆ. ಹರಾಜಿನಲ್ಲಿ ಕೊಂಡವರು ಅದನ್ನು ಮನೆಗೆ ಒಯ್ಯದೆ ಮತ್ತೆ ಹರಾಜಿಗೇ ಕೊಡಬಹುದು. ಒಂದು ತೆಂಗಿನಕಾಯಿ ಹೀಗೆ ಕೈಯಿಂದ ಕೈಗೆ ಹೋಗಿ ಮತ್ತೆ ಮೇಜಿಗೆ ಬರುತ್ತದೆ, ಪ್ರತಿ ಸಲವೂ ದುಡ್ಡು ಕೂಡುತ್ತದೆ. ಇಲ್ಲಿಯವರಿಗೆ ಇದು ಮೊದಲು ವಿಚಿತ್ರ ಅನ್ನಿಸಿತು. ಈಗ ಮಕ್ಕಳು ಆ ಕಾಯಿಗಾಗಿಯೇ ಕಾಯುತ್ತಾರೆ.

ಹರಾಜಿನ ಹಣ ಇಲ್ಲಿಯ ಫುಡ್ ಪ್ಯಾಂಟ್ರಿಗೆ, ಅಂದರೆ ಕಷ್ಟದಲ್ಲಿರುವವರಿಗೆ ದಿನಸಿ ಕೊಡುವ ಜಾಗಕ್ಕೆ ಹೋಗುತ್ತದೆ. ಇಲ್ಲೊಂದು ಮಾತು ಒತ್ತಿ ಹೇಳಬೇಕು. ಏನು ಬೇಕು ಅಂತ ಪ್ಯಾಂಟ್ರಿಯವರನ್ನೇ ಮೊದಲು ಕೇಳಿ. ನವೆಂಬರಿನಲ್ಲಿ ಎಲ್ಲರೂ ಥ್ಯಾಂಕ್ಸ್‌ಗಿವಿಂಗ್ ಊಟದ ಕ್ರ್ಯಾನ್‌ಬೆರಿ ಸಾಸ್, ಸ್ಟಫಿಂಗ್ ಪೊಟ್ಟಣ ತಂದು ಸುರಿಯುತ್ತಾರೆ. ಅವರಿಗೆ ಬೇಕಾದದ್ದು ಅಡುಗೆ ಎಣ್ಣೆ, ಅಕ್ಕಿ, ಬೇಳೆ, ಡೈಪರ್, ಸೋಪು. ಹಬ್ಬದ ಊಟದ ಟರ್ಕಿ ಕೋಳಿ ಕೊಡುವುದಾದರೆ ತೆಗೆದುಕೊಳ್ಳುವವರ ಮನೆಯಲ್ಲಿ ಓವನ್ ಇದೆಯೇ ಅಂತ ಯೋಚಿಸಬೇಕು. ಮೋಟೆಲ್ ಕೋಣೆಯಲ್ಲಿ ಸಂಸಾರ ಮಾಡುವವರು ಇಡೀ ಟರ್ಕಿಯನ್ನು ಏನು ಮಾಡಿಯಾರು?

ಈಗ ಆಲ್ ಸೇಂಟ್ಸ್. ನನ್ನ ಮನಸ್ಸು ಜಾಸ್ತಿ ಇರುವುದು ಇಲ್ಲಿ.

ಹಬ್ಬ ನವೆಂಬರ್ 1ಕ್ಕೆ ಬಂದರೂ ಮುಂದಿನ ಭಾನುವಾರವೂ ಆಚರಿಸಬಹುದು ಅಂತ ಪ್ರಾರ್ಥನಾ ಪುಸ್ತಕ ಹೇಳುತ್ತದೆ. ಸಾಮಾನ್ಯವಾಗಿ ಅದು ನವೆಂಬರಿನ ಮೊದಲ ಭಾನುವಾರ. ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಹಾಕುವುದೂ ಅವತ್ತೇ. ಗಂಟೆ ಬದಲಾಯಿಸಲು ಮರೆತವರು ಒಂದು ತಾಸು ಮೊದಲೇ ಬಂದುಬಿಡುತ್ತಾರೆ. ಅವರಿಗೆ ಅಂತ ನಾನು ಕಾಫಿ ಬೇಗ ಇಡುತ್ತೇನೆ, ಹೆಸರಿನ ಪಟ್ಟಿ ತೋರಿಸಿ ಉಚ್ಚಾರ ಸರಿಯಿದೆಯೇ ಅಂತ ಕೇಳುತ್ತೇನೆ.

ನಮ್ಮ ಪ್ಯಾರಿಷ್‌ನಲ್ಲಿ ಆ ದಿನ ತೀರಿಹೋದವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತೇವೆ. ಆ ವರ್ಷ ಹೋದವರ ಹೆಸರಿಗೆ ಒಂದು ಸಲ ಗಂಟೆ ಬಾರಿಸುತ್ತೇವೆ. ಅಕ್ಟೋಬರ್ ನಡುವಿನಿಂದಲೇ ಬಾಗಿಲ ಬಳಿ ಕಾರ್ಡು ಇಟ್ಟಿರುತ್ತೇನೆ. ಕಾರ್ಡಿನಲ್ಲಿ ಎರಡು ಸಾಲು. ಒಂದು ಹೆಸರಿಗೆ. ಇನ್ನೊಂದು, ಇವರ ಯಾವ ಒಂದು ಕೆಲಸಕ್ಕೆ ನೀವು ದೇವರಿಗೆ ಸ್ತೋತ್ರ ಹೇಳುತ್ತೀರಿ ಅನ್ನುವುದಕ್ಕೆ. ಎರಡನೇ ಸಾಲನ್ನು ಓದುವುದಿಲ್ಲ. ಆ ಕಾರ್ಡುಗಳನ್ನು ಹಾಗೇ ಬಲಿಪೀಠದ ಮೇಲೆ ಇಡುತ್ತೇವೆ. ಆದರೆ ಬರೆದವರು ಬರೆಯುವಾಗ ಅತ್ತದ್ದನ್ನು ನೋಡಿದ್ದೇನೆ. "ನನಗೆ ಈಜು ಕಲಿಸಿದರು" ಅಂತ ಒಬ್ಬರು ಬರೆದಿದ್ದರು. ಅವರಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು.

ಹೆಸರು ಓದುವುದು ಸುಲಭದ ಕೆಲಸವಲ್ಲ. ನಮ್ಮಲ್ಲಿ ನೈಜೀರಿಯದವರು, ಪೋಲಿಶ್ ಮೂಲದವರು, ಐರಿಶ್ ಮೂಲದವರು, ಕೆರೇಬಿಯನ್ ದ್ವೀಪಗಳವರು, ಮಲಯಾಳಿಗಳು ಎಲ್ಲ ಇದ್ದಾರೆ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಹೆಸರು ಕೆಡುತ್ತದೆ. ನಾನು ಪ್ರತಿ ಮನೆಗೂ ಫೋನ್ ಮಾಡುತ್ತೇನೆ. ಅವರು ಹೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತೇನೆ. ದೀರ್ಘ ಎಲ್ಲಿ, ಒತ್ತು ಎಲ್ಲಿ ಅನ್ನುವುದೆಲ್ಲ ನನಗೆ ಅದರಲ್ಲಿ ಸಿಗುತ್ತದೆ. ಬರೆದದ್ದನ್ನು ಓದಿ ಹೇಳುತ್ತೇನೆ, ಅವರು ಹೂಂ ಅನ್ನುವವರೆಗೆ ತಿದ್ದುತ್ತೇನೆ. ಫೋನು ಅಲ್ಲಿಗೇ ಮುಗಿಯುವುದಿಲ್ಲ. ಹೆಸರು ಹೇಳಿದವರು ಆ ಮನುಷ್ಯನ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ. ಆ ಮಾತಿಗೆ ಸಮಯ ಇಟ್ಟುಕೊಂಡೇ ಫೋನ್ ಮಾಡಬೇಕು. ಅವಸರದಲ್ಲಿ ಮಾಡುವುದಾದರೆ ಬೇಡ.

ನನ್ನ ಪಟ್ಟಿಯಲ್ಲಿ ನನ್ನ ಅಜ್ಜ, ಅಜ್ಜಿ, ನಮ್ಮ ಸಂಡೇ ಸ್ಕೂಲ್ ಟೀಚರ್ ಇರುತ್ತಾರೆ. ಅಟ್ಲಾಂಟಿಕ್ ದಡದ ಒಂದು ಚರ್ಚಿನಲ್ಲಿ ಅವರ ಹೆಸರು ಸರಿಯಾದ ಉಚ್ಚಾರದಲ್ಲಿ ಕೇಳಿಸಿದಾಗ ನನಗೆ ಆಗುವ ಸಂತೋಷ ಎಲ್ಲರಿಗೂ ಆಗಲಿ ಅಂತಲೇ ಇಷ್ಟು ಕಷ್ಟಪಡುವುದು.

ಕಾಣಿಕೆಯ ವಾಗ್ದಾನದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ದುಡ್ಡು ಕೇಳುವ ಪತ್ರದಲ್ಲಿ ಥ್ಯಾಂಕ್ಸ್ ಸೇರಿಸಬಾರದು. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದರೆ ಥ್ಯಾಂಕ್ಸ್ ಬೆಲೆ ಕಳೆದುಕೊಳ್ಳುತ್ತದೆ. ನಾವು ಸೆಪ್ಟೆಂಬರಿನಲ್ಲಿ ಬರೀ ಥ್ಯಾಂಕ್ಸ್ ಪತ್ರ ಕಳಿಸುತ್ತೇವೆ, ಕೈಬರಹದಲ್ಲಿ. ನೀವು ಕೊಟ್ಟದ್ದರಿಂದ ಚಳಿಗಾಲದಲ್ಲಿ ಬಾಯ್ಲರ್ ನಡೆಯಿತು, ಬಲಿಪೀಠದ ಕೆಲಸ ನೋಡಿಕೊಳ್ಳುವ ಆಲ್ಟರ್ ಗಿಲ್ಡ್‌ನಲ್ಲಿ ನೀವು ಬಟ್ಟೆ ಇಸ್ತ್ರಿ ಮಾಡಿದಿರಿ, ಹೀಗೆ. ದುಡ್ಡು ಕೊಡಲಾಗದೆ ಕೆಲಸ ಮಾಡಿದವರಿಗೂ ಅದೇ ಪತ್ರ. ವಾಗ್ದಾನದ ಕಾರ್ಡು ಅಕ್ಟೋಬರಿನಲ್ಲಿ ಬೇರೆಯಾಗಿ ಹೋಗುತ್ತದೆ.

ಇನ್ನು ಥ್ಯಾಂಕ್ಸ್‌ಗಿವಿಂಗ್. ಅಮೆರಿಕದ ಮೊದಲ ಪ್ರಾರ್ಥನಾ ಪುಸ್ತಕ 1789ರದ್ದು. ಭೂಮಿಯ ಫಲಗಳಿಗಾಗಿ ವರ್ಷಕ್ಕೊಮ್ಮೆ ಸ್ತೋತ್ರದ ಆರಾಧನೆ ಮಾಡುವ ಕ್ರಮ ಅದರಲ್ಲೇ ಇತ್ತು. ಲಿಂಕನ್ ನವೆಂಬರಿನ ಕೊನೆಯ ಗುರುವಾರ ಅಂತ ಘೋಷಿಸಿದ್ದು 1863ರಲ್ಲಿ. ನಾಲ್ಕನೇ ಗುರುವಾರ ಅಂತ ಕಾನೂನಾದದ್ದು 1941ರಲ್ಲಿ. ಗುರುವಾರ ಜನ ಊರಿಗೆ ಹೋಗಿರುತ್ತಾರೆ, ಇಲ್ಲವೇ ಅಡುಗೆಮನೆಯಲ್ಲಿರುತ್ತಾರೆ. ನಾವು ಬುಧವಾರ ಸಂಜೆ ಆರಾಧನೆ ಇಡುತ್ತೇವೆ. ಪ್ರಾರ್ಥನೆಗಳ ಜಾಗದಲ್ಲಿ ಸ್ತೋತ್ರದ ಲಿಟನಿ, ಅಂದರೆ ಒಬ್ಬರು ಹೇಳಿ ಸಭೆ ಉತ್ತರ ಕೊಡುವ ಪ್ರಾರ್ಥನೆ. ಪಾಠಗಳ ಮೂರು ವರ್ಷದ ಸರದಿಯಲ್ಲಿ ಒಂದು ವರ್ಷ ಲೂಕ 17ರ ಹತ್ತು ಕುಷ್ಠರೋಗಿಗಳ ಕಥೆ ಬರುತ್ತದೆ. ಹತ್ತೂ ಜನ ಗುಣವಾದರು, ತಿರುಗಿ ಬಂದು ಸ್ತೋತ್ರ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು, ಹೊರಗಿನವನು. ಪರದೇಶದಲ್ಲಿ ಬದುಕುವ ನನಗೆ ಆ ಪಾಠ ಬಹಳ ಹತ್ತಿರ.

ಆಮೇಲೆ ಕೂತವರು ಎದ್ದು ಮಾತಾಡುವ ಸಮಯ. ಏನಕ್ಕೆ ಸ್ತೋತ್ರ ಅಂತ ಕೇಳಿದರೆ ಎಲ್ಲರೂ ಕುಟುಂಬ, ಆರೋಗ್ಯ ಅಂದು ಕೂತುಬಿಡುತ್ತಾರೆ. ಅದಕ್ಕೆ ನಾನು ಕೇಳುವುದು, ಈ ವರ್ಷ ಯಾರಿಗೆ ನೀವು ಥ್ಯಾಂಕ್ಸ್ ಹೇಳುವುದು ಬಾಕಿ ಇದೆ? ಮಾತು ಬೇರೆಯೇ ಆಗುತ್ತದೆ. ಒಬ್ಬರು ರಾತ್ರಿ ಪಾಳಿಯ ನರ್ಸ್ ಬಗ್ಗೆ ಹೇಳಿದರು. ಇನ್ನೊಬ್ಬರು ಎದ್ದು ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದವರ ಹೆಸರು ಹೇಳಿದರು.

ಈ ನೆಲದ ಮೂಲನಿವಾಸಿಗಳಾದ ಲೆನಾಪೆ ಜನರನ್ನೂ ಅವತ್ತು ನೆನೆಯುತ್ತೇವೆ. ಥ್ಯಾಂಕ್ಸ್‌ಗಿವಿಂಗ್ ಎಲ್ಲರಿಗೂ ಹಬ್ಬವಲ್ಲ. 1970ರಿಂದ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಆ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಾರೆ. ಮೇಜಿನ ಮೇಲಿನ ಮುಸುಕಿನ ಜೋಳ, ಬೀನ್ಸ್, ಸಿಹಿಗುಂಬಳ ಎಲ್ಲ ಈ ಖಂಡಗಳ ಮೂಲಜನ ಬೆಳೆಸಿ ಕೊಟ್ಟದ್ದು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಇವೇ ಖಂಡಗಳು. ಕೊಟ್ಟವರ ಹೆಸರು ಹೇಳದೆ ಅನ್ನಕ್ಕೆ ಸ್ತೋತ್ರ ಹೇಳುವುದು ಸರಿಯಲ್ಲ.

ಊರಿನ ಸಭೆಗಳಲ್ಲಿ ಇದನ್ನು ಮಾಡಬೇಕೆಂದಿರುವವರು ಹೆಸರುಗಳ ಪಟ್ಟಿಯಿಂದ ಶುರು ಮಾಡಿ. ಆಗಸ್ಟಿನಲ್ಲೇ ಫೋನ್ ಮಾಡಲು ಕೂತರೆ ನವೆಂಬರಿಗೆ ಸರಿಹೋಗುತ್ತದೆ. ಖರ್ಚಿಲ್ಲ, ಒಂದು ನೋಟ್‌ಬುಕ್ ಸಾಕು. ಹರಾಜಂತೂ ನಿಮ್ಮಲ್ಲಿ ಮೊದಲಿನಿಂದಲೂ ಇದೆ.