ಗ್ರಾಹಕರಿಗೆ ಉತ್ತರಿಸುವ ಎಐ ಸಹಾಯಕ: ತಯಾರಿಯಿಂದ ಉಸ್ತುವಾರಿಯವರೆಗೆ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂತು. ಅಲ್ಲಿಂದೀಚೆಗೆ ಗ್ರಾಹಕರ ಪ್ರಶ್ನೆಗಳಿಗೆ ಉತ್ತರಿಸುವ ಕೆಲಸಕ್ಕೆ ಭಾಷಾ ಮಾಡೆಲ್‌ಗಳನ್ನು (ಅಪಾರ ಪಠ್ಯದಿಂದ ಕಲಿತು ವಾಕ್ಯ ಹೆಣೆಯುವ ಎಐ) ಹಚ್ಚುವುದು ಸಣ್ಣ ವ್ಯಾಪಾರಗಳಿಗೂ ಎಟಕುವ ಮಾತಾಗಿದೆ. ಡೆಮೊ ತಯಾರಿಸಲು ಒಂದು ಮಧ್ಯಾಹ್ನ ಸಾಕು. ಗ್ರಾಹಕರ ಮುಂದೆ ಧೈರ್ಯವಾಗಿ ನಿಲ್ಲಿಸಬಹುದಾದದ್ದನ್ನು ತಯಾರಿಸಲು ವಾರಗಳೇ ಬೇಕು, ಅದರಲ್ಲಿ ಹೆಚ್ಚಿನ ಪಾಲು ನಿಮ್ಮದೇ ಕಡತಗಳನ್ನು ಸರಿಪಡಿಸುವುದರಲ್ಲಿ ಹೋಗುತ್ತದೆ. ಭಾಷಾ ಮಾಡೆಲ್ ಗೊತ್ತಿರುವುದನ್ನು ಎಷ್ಟು ಸರಾಗವಾಗಿ ಹೇಳುತ್ತದೋ, ಗೊತ್ತಿಲ್ಲದ್ದನ್ನೂ ಅಷ್ಟೇ ಸರಾಗವಾಗಿ ಹೇಳುತ್ತದೆ. ಮಾತಿನ ಧಾಟಿ ನೋಡಿ ತಪ್ಪು ಹಿಡಿಯಲು ಆಗುವುದಿಲ್ಲ.

ಆ ತಪ್ಪಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಒಂದು ಸ್ಪಷ್ಟ ಉತ್ತರ ಸಿಕ್ಕಿದೆ. ಏರ್ ಕೆನಡಾದ ಚಾಟ್‌ಬಾಟ್, ಸಾವಿನ ಸಂದರ್ಭದಲ್ಲಿ ಸಿಗುವ ಟಿಕೆಟ್ ರಿಯಾಯಿತಿಯನ್ನು ಪ್ರಯಾಣ ಮುಗಿದ ಮೇಲೂ ಕೇಳಬಹುದು ಎಂದು ಪ್ರಯಾಣಿಕರೊಬ್ಬರಿಗೆ ಹೇಳಿತ್ತು. ಕಂಪನಿಯ ನಿಯಮ ಅದಕ್ಕೆ ವಿರುದ್ಧವಾಗಿತ್ತು. 2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ, ವೆಬ್‌ಪುಟದಲ್ಲಿ ಬರೆದ ಮಾತಿಗಿರುವ ಹೊಣೆಯೇ ಚಾಟ್‌ಬಾಟ್ ಆಡಿದ ಮಾತಿಗೂ ಇದೆ ಎಂದು ಹೇಳಿ ಪರಿಹಾರ ಕೊಡಿಸಿತು. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ಉತ್ತರದ ಕೆಳಗೆ ನಮ್ಮ ಸಹಿ ಹಾಕಲು ನಾವು ತಯಾರಿದ್ದೇವೆಯೇ?

ಕೆಲಸದ ಗಡಿ ಹಾಕುವುದು

ಕಳೆದ ಮೂರು ತಿಂಗಳ ಇಮೇಲ್, ಚಾಟ್, ಫೋನ್ ಟಿಪ್ಪಣಿಗಳಿಂದ 300ರಿಂದ 500 ಪ್ರಶ್ನೆಗಳನ್ನು ತೆಗೆಯಿರಿ. ಆರಿಸಿ ತೆಗೆಯಬೇಡಿ, ಪ್ರತಿ ಹತ್ತನೆಯದೋ ಇಪ್ಪತ್ತನೆಯದೋ ಎತ್ತಿಕೊಳ್ಳಿ. ಇಲ್ಲದಿದ್ದರೆ ನೆನಪಿನಲ್ಲಿ ಉಳಿದ ವಿಚಿತ್ರ ಪ್ರಶ್ನೆಗಳೇ ತುಂಬಿಕೊಂಡು ದಿನನಿತ್ಯದವು ತಪ್ಪಿಹೋಗುತ್ತವೆ. ಒಂದೊಂದನ್ನೂ ಓದಿ ಬಗೆಗಳಾಗಿ ವಿಂಗಡಿಸಿ. ಬಳಿಕ ಎರಡೋ ಮೂರೋ ಬಗೆಗಳನ್ನು ಮಾತ್ರ ಆರಿಸಿ. ಉತ್ತರ ಈಗಾಗಲೇ ಬರಹದಲ್ಲಿರಬೇಕು, ಮತ್ತು ಯಾರೇ ಕೇಳಿದರೂ ಉತ್ತರ ಒಂದೇ ಆಗಿರಬೇಕು. ಡೆಲಿವರಿ ಸಮಯ, ವಾಪಸಾತಿ ನಿಯಮ, ಬಳಕೆಯ ವಿಧಾನ ಇವೆಲ್ಲ ಹೊಂದುತ್ತವೆ. ದೂರು, ಹಣದ ತಕರಾರು, ಆರೋಗ್ಯ, ಕಾನೂನು, ಸುರಕ್ಷತೆ ಇವನ್ನು ಮೊದಲ ದಿನದಿಂದಲೇ ಮನುಷ್ಯರ ಕೈಯಲ್ಲಿ ಬಿಡಿ.

ಕಡತಗಳ ಶುದ್ಧೀಕರಣ

ಇಲ್ಲಿ ಅವಸರ ಮಾಡಿದರೆ ಮುಂದಿನ ಯಾವ ಹಂತವೂ ಕಾಪಾಡುವುದಿಲ್ಲ. ಮೊದಲು ಸಿಗುವ ತೊಂದರೆ ಪರಸ್ಪರ ವಿರುದ್ಧವಾದ ಕಡತಗಳು. ಎರಡು ವರ್ಷ ಹಳೆಯ ಪಿಡಿಎಫ್ 15 ದಿನದೊಳಗೆ ವಾಪಸ್ ಎನ್ನುತ್ತದೆ, ಈಗಿನ ಪುಟ 30 ದಿನ ಎನ್ನುತ್ತದೆ. ಎರಡನ್ನೂ ಕೊಟ್ಟರೆ ಮಾಡೆಲ್ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ಹೇಳುತ್ತದೆ. ಪ್ರತಿ ವಿಷಯಕ್ಕೆ ಒಂದೇ ಕಡತ, ಅದರ ಹೊಣೆಗೆ ಒಬ್ಬ ವ್ಯಕ್ತಿ, ತಲೆಬರಹದಲ್ಲಿ ಜಾರಿಗೆ ಬಂದ ದಿನಾಂಕ. ಹಳೆಯದನ್ನು ಬೇರೆ ಕಡೆ ಇಡಿ, ಸಹಾಯಕನಿಗೆ ಕಾಣುವ ಜಾಗದಿಂದ ತೆಗೆದುಬಿಡಿ.

ಎರಡನೆಯ ತೊಂದರೆ ಕೋಷ್ಟಕಗಳದ್ದು, ಇದು ಕಣ್ಣಿಗೆ ಬೀಳುವುದೇ ಇಲ್ಲ. ವಾರಂಟಿ ಕೋಷ್ಟಕವೊಂದರ ತಲೆಸಾಲಿನಲ್ಲಿ ‘ಭಾಗ, ವಾರಂಟಿ (ತಿಂಗಳು)’ ಎಂದಿದೆ. ಕೆಳಗೆ ‘ಮೋಟಾರ್ 24’, ಹದಿನೈದು ಸಾಲು ದಾಟಿದ ಮೇಲೆ ‘ಬ್ಯಾಟರಿ 6’. ಹುಡುಕಾಟಕ್ಕೆ ಅನುಕೂಲವಾಗಲೆಂದು ಕಡತವನ್ನು ತುಂಡು ಮಾಡುವಾಗ ಕೋಷ್ಟಕ ನಡುವೆ ಕತ್ತರಿಸಿತು ಅನ್ನಿ. ಎರಡನೆಯ ತುಂಡಿನಲ್ಲಿ ಉಳಿಯುವುದು ‘ಬ್ಯಾಟರಿ 6’ ಅಷ್ಟೇ. ತಿಂಗಳೋ ವರ್ಷವೋ ತಿಳಿಯದ ಮಾಡೆಲ್, ಬ್ಯಾಟರಿಗೆ 6 ವರ್ಷದ ವಾರಂಟಿ ಇದೆ ಎಂದು ಗ್ರಾಹಕರಿಗೆ ಮಾತು ಕೊಟ್ಟೀತು. ಪರಿಹಾರ: ಪ್ರತಿ ಸಾಲನ್ನೂ ಪೂರ್ಣ ವಾಕ್ಯವಾಗಿ ಬರೆಯುವುದು. ‘ಎಕ್ಸ್-210 ಯಂತ್ರದ ಬ್ಯಾಟರಿಗೆ ಖರೀದಿಯ ದಿನದಿಂದ 6 ತಿಂಗಳ ವಾರಂಟಿ ಇದೆ.’ ಈ ವಾಕ್ಯ ಎಲ್ಲಿ ಕತ್ತರಿಸಿ ಬಿದ್ದರೂ ಅರ್ಥ ಕೆಡುವುದಿಲ್ಲ. ‘ಮೇಲೆ ಹೇಳಿದಂತೆ’, ‘ಇದಕ್ಕೂ ಅದೇ ನಿಯಮ’ ಎಂಬ ಮಾತುಗಳನ್ನೂ ಹೀಗೇ ಬಿಡಿಸಿ ಬರೆಯಿರಿ.

ಸ್ಕ್ಯಾನ್ ಮಾಡಿದ ಪುಟಗಳು, ಯುನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ತೆರೆಯ ಮೇಲೆ ಚೆನ್ನಾಗಿ ಕಂಡರೂ ಒಳಗಿನ ಪಠ್ಯ ಇರುವುದಿಲ್ಲ, ಇದ್ದರೂ ಕಲಸುಮೇಲೋಗರವಾಗಿರುತ್ತದೆ. ಒಂದು ಪ್ಯಾರಾ ಕಾಪಿ ಮಾಡಿ ಸಾದಾ ಎಡಿಟರ್‌ನಲ್ಲಿ ಪೇಸ್ಟ್ ಮಾಡಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಹುಡುಕಿ ಕೊಡುವ ಭಾಗ

ಮಾಡೆಲ್ ತನ್ನ ನೆನಪಿನಿಂದ ಉತ್ತರಿಸದೆ, ನಿಮ್ಮ ಕಡತದಿಂದ ಸಂಬಂಧಪಟ್ಟ ತುಂಡುಗಳನ್ನು ಹುಡುಕಿ ಅವುಗಳ ಆಧಾರದ ಮೇಲೆ ಉತ್ತರಿಸುವಂತೆ ಮಾಡುವ ಏರ್ಪಾಡಿಗೆ ಈ ವಲಯದಲ್ಲಿ ‘ರ‍್ಯಾಗ್’ ಎನ್ನುತ್ತಾರೆ. ನಿಮ್ಮೆಲ್ಲ ಕಡತ ಸೇರಿ ಮೂವತ್ತು ನಲವತ್ತು ಪುಟ ಮೀರದಿದ್ದರೆ ಇದರ ತಲೆನೋವೇ ಬೇಡ. ಲಕ್ಷಕ್ಕೂ ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ಪದದ ತುಣುಕು) ಒಮ್ಮೆಗೇ ಓದುವ ಮಾಡೆಲ್‌ಗಳು ಈಗ ಸಾಮಾನ್ಯವಾಗಿವೆ, ಇಡೀ ಕಡತವನ್ನೇ ಪ್ರತಿ ಪ್ರಶ್ನೆಯ ಜೊತೆ ಕೊಡಬಹುದು.

ಅದಕ್ಕಿಂತ ದೊಡ್ಡದಾದರೆ 200ರಿಂದ 400 ಪದಗಳ ತುಂಡುಗಳಿಂದ ಆರಂಭಿಸಿ. ಪಕ್ಕದ ತುಂಡಿನೊಂದಿಗೆ ಶೇಕಡಾ 10ರಿಂದ 15ರಷ್ಟು ಪಠ್ಯ ಹಂಚಿಕೊಂಡಿರಲಿ, ಪ್ರತಿ ತುಂಡಿನ ತಲೆಯಲ್ಲಿ ಕಡತದ ಹೆಸರು ಮತ್ತು ಉಪಶೀರ್ಷಿಕೆ ಇರಲಿ. ಪ್ರತಿ ಪ್ರಶ್ನೆಗೆ ನಾಲ್ಕೈದು ತುಂಡು ಸಾಕು. ಇಪ್ಪತ್ತು ಕೊಟ್ಟರೆ ಬೇಕಾದ್ದು ಬೇಡದ್ದರ ನಡುವೆ ಹುದುಗಿಹೋಗುತ್ತದೆ. ಅರ್ಥದ ಹೋಲಿಕೆಯಿಂದ ಹುಡುಕುವ ವೆಕ್ಟರ್ ವಿಧಾನಕ್ಕೆ ಒಂದು ಕುಂದಿದೆ: ಅದರ ದೃಷ್ಟಿಯಲ್ಲಿ ‘ಎಕ್ಸ್-210’, ‘ಎಕ್ಸ್-201’ ಹೆಚ್ಚುಕಡಿಮೆ ಒಂದೇ. ಮಾಡೆಲ್ ನಂಬರ್, ಬಿಡಿಭಾಗದ ಕೋಡ್‌ಗಳಿಗೆ ಅಕ್ಷರ ಹೊಂದಿಸುವ ಹಳೆಯ ಕೀವರ್ಡ್ ಹುಡುಕಾಟವೇ ಲೇಸು. ಎರಡನ್ನೂ ಒಟ್ಟಿಗೆ ಓಡಿಸಿ, ಫಲಿತಾಂಶ ಬೆರೆಸಿ.

ಉತ್ತರ ತಪ್ಪಾದಾಗ ಬಹುತೇಕರು ಕೂಡಲೇ ಪ್ರಾಂಪ್ಟ್ (ಮಾಡೆಲ್‌ಗೆ ಬರೆದುಕೊಡುವ ಸೂಚನೆ) ತಿದ್ದಲು ಕೂರುತ್ತಾರೆ. ಅದಕ್ಕೂ ಮುನ್ನ ಆ ಪ್ರಶ್ನೆಗೆ ಯಾವ ತುಂಡುಗಳು ಬಂದವು ಎಂದು ನೋಡಿ. ಸರಿಯಾದ ತುಂಡೇ ಬಂದಿರದಿದ್ದರೆ ದೋಷ ಹುಡುಕಾಟದ್ದು, ಪ್ರಾಂಪ್ಟ್ ಎಷ್ಟು ತಿದ್ದಿದರೂ ವ್ಯರ್ಥ. ಸರಿಯಾದ ತುಂಡು ಬಂದೂ ಉತ್ತರ ತಪ್ಪಿದ್ದರೆ ಮಾತ್ರ ಸೂಚನೆ ಅಥವಾ ಮಾಡೆಲ್ ಕಡೆ ಹೊರಳಿ. ಇದಕ್ಕಾಗಿ ಪ್ರಶ್ನೆ, ಬಂದ ತುಂಡು, ಉತ್ತರ ಮೂರನ್ನೂ ಒಟ್ಟಿಗೆ ಲಾಗ್ ಮಾಡುವ (ದಾಖಲಿಸಿಡುವ) ವ್ಯವಸ್ಥೆ ಮೊದಲ ದಿನವೇ ಇರಬೇಕು.

ಮಾಡೆಲ್‌ಗೆ ಕೊಡುವ ಸೂಚನೆ ಚಿಕ್ಕದಾಗಿರಲಿ, ಹೀಗೆ: ಕೊಟ್ಟ ಪಠ್ಯದಲ್ಲಿ ಇರುವುದನ್ನಷ್ಟೇ ಹೇಳು. ಇಲ್ಲದಿದ್ದರೆ ‘ಈ ಮಾಹಿತಿ ನನ್ನ ಬಳಿ ಇಲ್ಲ, ಸಿಬ್ಬಂದಿಗೆ ದಾಟಿಸುತ್ತೇನೆ’ ಎನ್ನು. ಯಾವ ಕಡತದಿಂದ ಹೇಳಿದೆ ಎಂದು ಸೂಚಿಸು. ಬೆಲೆ, ರಿಯಾಯಿತಿ, ಪರಿಹಾರದ ಬಗ್ಗೆ ಮಾತು ಕೊಡಬೇಡ. ಟೆಂಪರೇಚರ್ (ಉತ್ತರ ಎಷ್ಟು ಬದಲಾಗಬಹುದು ಎಂಬುದನ್ನು ಹಿಡಿತದಲ್ಲಿಡುವ ಅಂಕಿ) ಹೊಂದಿಸಲು ಅವಕಾಶವಿದ್ದರೆ 0 ಅಥವಾ ಅದರ ಹತ್ತಿರ ಇಡಿ. ಇದರಿಂದ ಉತ್ತರಗಳ ಏರುಪೇರು ಕಡಿಮೆಯಾಗುತ್ತದೆ, ತಪ್ಪು ಕಡಿಮೆಯಾಗುತ್ತದೆ ಎಂದು ಭಾವಿಸಬೇಡಿ.

ಪರೀಕ್ಷೆ

ಮೊದಲೇ ತೆಗೆದಿಟ್ಟ ಪ್ರಶ್ನೆಗಳಿಂದ ಕನಿಷ್ಠ 100 ಆರಿಸಿ, ಸರಿಯುತ್ತರವನ್ನು ಅನುಭವಿ ಸಿಬ್ಬಂದಿಯಿಂದ ಬರೆಸಿ. ಸುಮಾರು 60 ದಿನನಿತ್ಯದವು, 20 ಕಡತದಲ್ಲಿ ಉತ್ತರವೇ ಇಲ್ಲದವು, 10 ಮನುಷ್ಯರಿಗೇ ಹೋಗಬೇಕಾದವು, ಉಳಿದ 10 ಬೇಕೆಂದೇ ದಾರಿ ತಪ್ಪಿಸುವವು. ಗ್ರಾಹಕರ ಮಾತನ್ನು ತಿದ್ದಬೇಡಿ. ‘ಬಿಲ್ಲು ಕಳ್ದೋಗಿದೆ ವಾರಂಟಿ ಸಿಗತ್ತಾ’ ಎಂದಿದ್ದರೆ ಹಾಗೆಯೇ ಇರಲಿ, ಕಾಗುಣಿತ ತಪ್ಪೂ ಇರಲಿ, ಇಂಗ್ಲಿಷ್ ಲಿಪಿಯಲ್ಲಿ ಬರೆದದ್ದೂ ಇರಲಿ. ಅಚ್ಚುಕಟ್ಟಾದ ವಾಕ್ಯಗಳಲ್ಲಿ ಪಾಸಾದ ಸಹಾಯಕ ನಿಜವಾದ ಮಾತಿನ ಎದುರು ಎಡವುತ್ತದೆ.

ನನ್ನ ಲೆಕ್ಕದಲ್ಲಿ ಉತ್ತರವಿಲ್ಲದ ಆ 20 ಪ್ರಶ್ನೆಗಳೇ ಎಲ್ಲಕ್ಕಿಂತ ಮುಖ್ಯ. ‘ಗೊತ್ತಿಲ್ಲ’ ಎನ್ನಲು ಬಾರದ ಸಹಾಯಕನನ್ನು, ಉಳಿದ 80ಕ್ಕೂ ಸರಿಯಾಗಿ ಉತ್ತರಿಸಿದರೂ, ಹೊರಗೆ ಬಿಡಬಾರದು.

ನೂರಕ್ಕೆ ನೂರು ಬಂದರೂ ಒಂದು ಲೆಕ್ಕ ನೆನಪಿರಲಿ. ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂದಿದೆ: n ಪರೀಕ್ಷೆಗಳಲ್ಲಿ ಒಂದೂ ತಪ್ಪಾಗದಿದ್ದರೆ, ನಿಜವಾದ ತಪ್ಪಿನ ಪ್ರಮಾಣ ಸುಮಾರು 3/n ವರೆಗೂ ಇರಬಹುದು ಎಂದು ಶೇಕಡಾ 95ರ ವಿಶ್ವಾಸದಲ್ಲಿ ಹೇಳಬಹುದು. ಅಂದರೆ 100 ಪ್ರಶ್ನೆಗೆ ಶೂನ್ಯ ತಪ್ಪು ಎಂದರೂ ಶೇಕಡಾ 3ರಷ್ಟು ತಪ್ಪಿಗೆ ಜಾಗವಿದೆ. ದಿನಕ್ಕೆ 800 ಉತ್ತರ ಹೋಗುವ ಕಡೆ ಅದು 24. ವಾರಕ್ಕೊಮ್ಮೆಯಾದರೂ 50 ಸಂಭಾಷಣೆಗಳನ್ನು ಮನುಷ್ಯರು ಓದಲೇಬೇಕು ಎನ್ನುವುದು ಈ ಕಾರಣಕ್ಕೆ.

ಮೋಸ ಮತ್ತು ಗೌಪ್ಯತೆ

2023ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾರು ಮಳಿಗೆಯೊಂದರ ಚಾಟ್‌ಬಾಟ್, ಬಳಕೆದಾರರೊಬ್ಬರು ಹೇಳಿಕೊಟ್ಟಂತೆ ಹೊಸ ಕಾರನ್ನು 1 ಡಾಲರ್‌ಗೆ ಕೊಡುವುದಾಗಿ ಒಪ್ಪಿತು. ಇದನ್ನು ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರೆ. ಮಾಡೆಲ್‌ಗೆ ನಿಮ್ಮ ಸೂಚನೆಯೂ ಪಠ್ಯವೇ, ಗ್ರಾಹಕರ ಮಾತೂ ಪಠ್ಯವೇ; ಎರಡರ ನಡುವೆ ಗಟ್ಟಿಯಾದ ಗೋಡೆ ಇಲ್ಲ. ‘ಮೋಸ ಹೋಗಬೇಡ’ ಎಂದು ಸೂಚನೆಯಲ್ಲಿ ಬರೆದು ನೆಮ್ಮದಿಯಾಗಿ ಕೂರುವಂತಿಲ್ಲ. ಮಾಡೆಲ್‌ನ ಕೈಗೆ ಅಧಿಕಾರವನ್ನೇ ಕೊಡದಿರುವುದು ಸರಿಯಾದ ದಾರಿ. ಆರ್ಡರ್ ಸ್ಥಿತಿ ಓದಲು ಬಿಡಿ, ಬದಲಿಸಲು ಬಿಡಬೇಡಿ. ಕೇಳುತ್ತಿರುವವರು ಯಾರು ಎಂಬ ಪರಿಶೀಲನೆ ಲಾಗಿನ್ ಮತ್ತು ಕೋಡ್ ಮೂಲಕ ನಡೆಯಬೇಕು, ಮಾಡೆಲ್‌ನ ವಿವೇಚನೆಗೆ ಬಿಡಬಾರದು.

ಕಾರ್ಡ್ ನಂಬರ್, ಫೋನ್ ನಂಬರ್‌ಗಳನ್ನು ಲಾಗ್‌ಗೆ ಸೇರುವ ಮುನ್ನವೇ ಮರೆಮಾಚಿ. ಸಂಭಾಷಣೆಗಳನ್ನು ತರಬೇತಿಗೆ ಬಳಸುವುದಿಲ್ಲ ಎಂಬ ಷರತ್ತು ಮಾಡೆಲ್ ಒದಗಿಸುವವರ ಒಪ್ಪಂದದಲ್ಲಿ ಇದೆಯೇ ನೋಡಿ. ಮಾತಾಡುತ್ತಿರುವುದು ಯಂತ್ರ ಎಂದು ಮೊದಲ ಸಾಲಿನಲ್ಲೇ ಹೇಳಿ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಎಐ ಕಾಯ್ದೆ ಇದನ್ನು ಕಡ್ಡಾಯದ ಅಂಶಗಳಲ್ಲಿ ಸೇರಿಸಿದೆ. ಕಾಯ್ದೆ ಇಲ್ಲದ ಕಡೆಯೂ ಗ್ರಾಹಕರಿಗೆ ಅಷ್ಟು ತಿಳಿಸುವುದು ನ್ಯಾಯ.

ಖರ್ಚು

ಬಿಲ್ಲು ಸಾಮಾನ್ಯವಾಗಿ ಟೋಕನ್ ಲೆಕ್ಕದಲ್ಲಿ ಬರುತ್ತದೆ. ಸೂಚನೆ 400 ಟೋಕನ್, ನಾಲ್ಕು ತುಂಡು 2,000, ಹಿಂದಿನ ಮಾತುಕತೆ 600: ಒಂದು ಉತ್ತರಕ್ಕೆ 3,000 ಟೋಕನ್ ಒಳಗೆ ಹೋಗಿ 300 ಹೊರಬರುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 200 ಸಂಭಾಷಣೆ, ತಲಾ ನಾಲ್ಕು ಉತ್ತರವಾದರೆ ಒಳಗೆ 24 ಲಕ್ಷ, ಹೊರಗೆ 2.4 ಲಕ್ಷ. ಹೊರಬರುವ ಟೋಕನ್ ದರ ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ಎರಡನ್ನೂ ಬೇರೆ ಬೇರೆ ಗುಣಿಸಿ. ಲ್ಯಾಟಿನ್ ಅಲ್ಲದ ಲಿಪಿಗಳಿಗೆ ಅದೇ ಮಾತಿಗೆ ಹೆಚ್ಚು ಟೋಕನ್ ಬೇಕಾಗುವುದುಂಟು; ಎಷ್ಟು ಹೆಚ್ಚು ಎನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ನಿಮ್ಮದೇ ಭಾಷೆಯ 50 ಪ್ರಶ್ನೆ ಕಳುಹಿಸಿ ಅಳೆದ ಮೇಲೆ ಬಜೆಟ್ ಬರೆಯಿರಿ.

ಮನುಷ್ಯರಿಗೆ ದಾಟಿಸುವುದು, ಮತ್ತು ಆ ಮನುಷ್ಯರು

ಗ್ರಾಹಕರು ಕೇಳಿದ ಕೂಡಲೇ, ಎರಡು ಬಾರಿ ಉತ್ತರ ಫಲಿಸದಿದ್ದಾಗ, ಹಣ ಅಥವಾ ಸುರಕ್ಷತೆಯ ಮಾತು ಬಂದಾಗ ಸಿಬ್ಬಂದಿಗೆ ದಾಟಬೇಕು. ಈವರೆಗಿನ ಮಾತುಕತೆಯೂ ಜೊತೆಗೇ ಹೋಗಬೇಕು, ಹೇಳಿದ್ದನ್ನೇ ಮತ್ತೆ ಹೇಳುವ ಸ್ಥಿತಿ ಗ್ರಾಹಕರಿಗೆ ಬರಬಾರದು. ಸಿಬ್ಬಂದಿಯನ್ನು ಸಂಪರ್ಕಿಸುವ ಬಟನ್ ಬಚ್ಚಿಡುವುದು ಉಳಿತಾಯದಂತೆ ತೋರುತ್ತದೆ. ‘ಮನುಷ್ಯರಿಗೆ ಹೋಗದೆ ಮುಗಿದವು ಇಷ್ಟು’ ಎಂಬ ಅಂಕಿಯೂ ಏರುತ್ತದೆ, ಆದರೆ ಬೇಸತ್ತು ಬಿಟ್ಟುಹೋದವರೂ ಅದರಲ್ಲಿ ಗೆಲುವಾಗಿ ಸೇರಿರುತ್ತಾರೆ. ಅದರ ಬದಲು ಅದೇ ವಿಷಯಕ್ಕೆ 7 ದಿನದೊಳಗೆ ಮತ್ತೆ ಸಂಪರ್ಕಿಸಿದವರು ಎಷ್ಟು ಎಂದು ಎಣಿಸಿ.

ಸುಲಭದ ಪ್ರಶ್ನೆಗಳು ಯಂತ್ರಕ್ಕೆ ಹೋದ ಮೇಲೆ ಸಿಬ್ಬಂದಿಗೆ ಉಳಿಯುವುದು ಕೋಪಗೊಂಡವರು ಮತ್ತು ಕಗ್ಗಂಟಾದ ಪ್ರಕರಣಗಳು ಮಾತ್ರ. ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ ಏರಿಯೇ ಏರುತ್ತದೆ. ಹಳೆಯ ಟಾರ್ಗೆಟ್ ಹಾಗೆಯೇ ಇಟ್ಟು, ಇವರ ಕೆಲಸ ನಿಧಾನವಾಯಿತು ಎಂದು ಆಡಿಕೊಳ್ಳುವುದು ಅನ್ಯಾಯ. ಟಾರ್ಗೆಟ್ ಬದಲಿಸಿ, ಕರೆಗಳ ನಡುವೆ ಬಿಡುವು ಕೊಡಿ. ಬರಹದಲ್ಲಿ ಎಲ್ಲೂ ಇಲ್ಲದ ತಿಳಿವಳಿಕೆ ಅವರ ತಲೆಯಲ್ಲಿದೆ. ಕಡತ ತಿದ್ದುವ ಹಕ್ಕು ಮತ್ತು ಅದಕ್ಕೆ ಸಂಬಳದ ಸಮಯ ಎರಡೂ ಅವರಿಗೆ ಸಿಗಬೇಕು.

ಹೊರಗೆ ಬಿಡುವ ಕ್ರಮ

ಮೊದಲ ಎರಡರಿಂದ ನಾಲ್ಕು ವಾರ ಸಹಾಯಕ ಕರಡು ಬರೆಯಲಿ, ಸಿಬ್ಬಂದಿ ಓದಿ ಕಳುಹಿಸಲಿ. ಎಷ್ಟು ಕರಡು ತಿದ್ದುಪಡಿ ಇಲ್ಲದೆ ಹೋದವು ಎಂಬುದೇ ನಿಮ್ಮ ಅಳತೆಗೋಲು. ಆಮೇಲೆ ಹತ್ತರಲ್ಲಿ ಒಬ್ಬ ಗ್ರಾಹಕರಿಗೆ ನೇರವಾಗಿ ತೆರೆಯಿರಿ, ಅದೂ ಸಿಬ್ಬಂದಿ ಇರುವ ಹೊತ್ತಿನಲ್ಲಿ. ಇಡೀ ಸಹಾಯಕನನ್ನು ಒಂದೇ ಗುಂಡಿಯಲ್ಲಿ ನಿಲ್ಲಿಸುವ ಏರ್ಪಾಡು ಇರಲಿ, ಅದನ್ನು ಒತ್ತುವ ಅಧಿಕಾರ ಪಾಳಿಯಲ್ಲಿರುವ ಯಾರಿಗಾದರೂ ಇರಲಿ. ಮಾಡೆಲ್‌ನ ಆವೃತ್ತಿ ಸಂಖ್ಯೆಯನ್ನು ಗೊತ್ತುಪಡಿಸಿಯೇ ಬಳಸಿ. ಒದಗಿಸುವವರು ಹೊಸದು ತಂದಾಗ 100 ಪ್ರಶ್ನೆಗಳನ್ನು ಮತ್ತೆ ಓಡಿಸದೆ ಬದಲಿಸಬೇಡಿ.

ನಿಯಮವೊಂದು ಬದಲಾದ ದಿನದ ಕ್ರಮ ಹೀಗೆ: ಮೂಲ ಕಡತ ತಿದ್ದಿ, ಹಳೆಯ ತುಂಡುಗಳನ್ನು ಇಂಡೆಕ್ಸ್‌ನಿಂದ (ಹುಡುಕಾಟ ನಡೆಯುವ ಸಂಗ್ರಹ) ಅಳಿಸಿ, ಹೊಸದನ್ನು ಸೇರಿಸಿ, ಉಳಿಸಿಟ್ಟ ಉತ್ತರಗಳ ಕ್ಯಾಶ್ ಖಾಲಿ ಮಾಡಿ, ಆ ನಿಯಮದ ಬಗ್ಗೆ ಐದು ಬೇರೆ ಬೇರೆ ಬಗೆಯಲ್ಲಿ ಕೇಳಿ ನೋಡಿ. ಅಳಿಸುವ ಹಂತ ಬಿಟ್ಟುಹೋಗುವುದೇ ಹೆಚ್ಚು, ಆಗ ಹಳೆಯ ನಿಯಮ ವಾರಗಳ ಬಳಿಕವೂ ಯಾವುದೋ ಒಂದು ಉತ್ತರದಲ್ಲಿ ಹೊರಬರುತ್ತದೆ. ಹಾಗಾಗಿ ಐದು ಪ್ರಶ್ನೆಗಳಲ್ಲಿ ಒಂದಾದರೂ ಹಳೆಯ ಅಂಕಿಯನ್ನೇ ಹಿಡಿದು ಕೇಳುವಂತಿರಲಿ: ‘15 ದಿನ ಆಗಿದೆ, ಇನ್ನು ವಾಪಸ್ ತಗೊಳ್ಳಲ್ವಾ?’