ಪ್ಲಾಟಿನಂ ಮೇಲೆ ಒಂದು ಅಣು: ಮೇಲ್ಮೈ ಸಿಮ್ಯುಲೇಶನ್ ಕಲಿತ ನನ್ನ ಅನುಭವ

ವೇಗವರ್ಧಕಗಳ ಸಂಶೋಧನೆಗೆ ಬೇಕಾದ ಕಂಪ್ಯೂಟರ್ ಸಿಮ್ಯುಲೇಶನ್ ಅನ್ನು ನಾನು ಕಲಿತದ್ದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಮೂಲಕ: ಪ್ಲಾಟಿನಂನ (111) ಮೇಲ್ಮೈಯಲ್ಲಿ, ಅಂದರೆ ಪರಮಾಣುಗಳು ಅತ್ಯಂತ ದಟ್ಟವಾಗಿ ಜೋಡಣೆಯಾಗಿರುವ ಸ್ಫಟಿಕದ ಮುಖದ ಮೇಲೆ, ಕಾರ್ಬನ್ ಮಾನಾಕ್ಸೈಡ್ ಅಣು ಎಲ್ಲಿ ಕೂರುತ್ತದೆ? ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರಿಗೂ ನಾನು ಇದನ್ನೇ ಸೂಚಿಸುತ್ತೇನೆ. ಲೆಕ್ಕ ಚಿಕ್ಕದು, ಪ್ರಯೋಗದ ಉತ್ತರ ಖಚಿತವಾಗಿ ತಿಳಿದಿದೆ, ಹಾಗಿದ್ದೂ ರೂಢಿಯ ವಿಧಾನ ಇಲ್ಲಿ ಎಡವುತ್ತದೆ.

ಲೆಕ್ಕಕ್ಕೆ ಉಚಿತವಾಗಿ ದೊರೆಯುವ ಕ್ವಾಂಟಮ್ ಎಸ್ಪ್ರೆಸೊ ತಂತ್ರಾಂಶವನ್ನೂ ಪರಮಾಣುಗಳ ವಿನ್ಯಾಸ ಕಟ್ಟಲು ಎಎಸ್‌ಇ ಎಂಬ ಪೈಥಾನ್ ಲೈಬ್ರರಿಯನ್ನೂ ಬಳಸಿದೆ. ಇದರ ತಳಹದಿ 1964–65ರಲ್ಲಿ ಹೋಹೆನ್‌ಬರ್ಗ್, ಕೋನ್ ಮತ್ತು ಶಾಮ್ ರೂಪಿಸಿದ ಡಿಎಫ್‌ಟಿ, ಅಂದರೆ ಇಲೆಕ್ಟ್ರಾನುಗಳ ಸಾಂದ್ರತೆಯಿಂದ ವಸ್ತುವಿನ ಶಕ್ತಿಯನ್ನು ಲೆಕ್ಕ ಹಾಕುವ ಸಿದ್ಧಾಂತ. ಮೊದಲು ಘನ ಪ್ಲಾಟಿನಂನ ಜಾಲಕದ (ಪರಮಾಣುಗಳ ಮರುಕಳಿಸುವ ಜೋಡಣೆಯ) ಅಳತೆಯನ್ನು ಲೆಕ್ಕ ಹಾಕಬೇಕು. ಪ್ರಯೋಗದಲ್ಲಿ ಅದು 3.92 ಆಂಗ್‌ಸ್ಟ್ರಾಮ್, 1996ರ ಪಿಬಿಇ ಫಂಕ್ಷನಲ್ (ಇಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನು ಅಂದಾಜಿಸುವ ಸೂತ್ರ) ಕೊಡುವುದು ಸುಮಾರು 3.97. ಪ್ರಯೋಗದ ಅಳತೆಯಲ್ಲಿ ಸ್ಲ್ಯಾಬ್ (ಮೇಲ್ಮೈಯನ್ನು ಪ್ರತಿನಿಧಿಸುವ ಕೆಲವೇ ಪದರಗಳ ಹಲಗೆ) ಕಟ್ಟಿದರೆ ಪಿಬಿಇ ಪಾಲಿಗೆ ಅದು ಅದುಮಿಟ್ಟ ಲೋಹವಾಗುತ್ತದೆ, ಆ ಒತ್ತಡ ಅಧಿಶೋಷಣ ಶಕ್ತಿಯಲ್ಲಿಯೂ, ಅಂದರೆ ಅಣು ಮೇಲ್ಮೈಗೆ ಅಂಟಿಕೊಳ್ಳುವ ಶಕ್ತಿಯಲ್ಲಿಯೂ, ನುಸುಳುತ್ತದೆ; ಆದ್ದರಿಂದ ಲೆಕ್ಕದಿಂದ ಬಂದ ಅಳತೆಯನ್ನೇ ಉಳಿಸಿಕೊಂಡೆ. ನಾಲ್ಕು ಪದರಗಳು, ಕೆಳಗಿನ ಎರಡು ಸ್ಥಿರ, ಮೇಲೆ 15 ಆಂಗ್‌ಸ್ಟ್ರಾಮ್ ನಿರ್ವಾತ, ಅಣು ಒಂದೇ ಬದಿಯಲ್ಲಿರುವುದರಿಂದ ಹುಟ್ಟುವ ಕೃತಕ ವಿದ್ಯುತ್ ಕ್ಷೇತ್ರವನ್ನು ತೆಗೆಯುವ ಡೈಪೋಲ್ ತಿದ್ದುಪಡಿ: ಇಷ್ಟು ಸಿದ್ಧತೆ.

ಹೆಚ್ಚು ಸಮಯ ಹಿಡಿದದ್ದು ಕನ್ವರ್ಜೆನ್ಸ್ ಪರೀಕ್ಷೆ (ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರೂ ಉತ್ತರ ಬದಲಾಗದೇ ನಿಲ್ಲುತ್ತದೆಯೇ ಎಂಬ ತಪಾಸಣೆ), ಅದಕ್ಕೆ ಕೊಟ್ಟ ಸಮಯ ವ್ಯರ್ಥವಲ್ಲ ಎಂದು ದೃಢವಾಗಿ ಹೇಳುತ್ತೇನೆ. ಅಣುಸಹಿತ ಸ್ಲ್ಯಾಬಿನ ಶಕ್ತಿಯಿಂದ ಬರಿಯ ಸ್ಲ್ಯಾಬಿನ ಮತ್ತು ಒಂಟಿ ಅಣುವಿನ ಶಕ್ತಿಗಳನ್ನು ಕಳೆದಾಗ ಬರುವುದೇ ಅಧಿಶೋಷಣ ಶಕ್ತಿ. ಕಳೆಯುವ ಸಂಖ್ಯೆಗಳು ಸಾವಿರಾರು ಇಲೆಕ್ಟ್ರಾನ್‌ವೋಲ್ಟ್, ಉಳಿಯುವುದು ಒಂದೆರಡು ಮಾತ್ರ. ಹಾಗಾಗಿ ಮೂರೂ ಲೆಕ್ಕಗಳಲ್ಲಿ ಒಂದೇ ಕಟಾಫ್ (ಲೆಕ್ಕ ಎಷ್ಟು ಸೂಕ್ಷ್ಮವಾಗಿರಬೇಕೆಂದು ನಿಗದಿಪಡಿಸುವ ಶಕ್ತಿಯ ಮಿತಿ), ಒಂದೇ ಸ್ಯೂಡೊಪೊಟೆನ್ಶಿಯಲ್ (ಪರಮಾಣುವಿನ ಒಳಗಿನ ಇಲೆಕ್ಟ್ರಾನುಗಳ ಬದಲಿಗೆ ಬಳಸುವ ಸರಳ ರೂಪ) ಇರಬೇಕು. ಒಟ್ಟು ಶಕ್ತಿ ಇನ್ನೂ ಇಳಿಯುತ್ತಿರುವಾಗಲೇ ಈ ವ್ಯತ್ಯಾಸ ಸ್ಥಿರವಾಗಿರಬಹುದಾದ್ದರಿಂದ ನಾನು ಗಮನಿಸಿದ್ದು ವ್ಯತ್ಯಾಸವನ್ನೇ. ಕೆ-ಪಾಯಿಂಟ್ ಜಾಲವನ್ನು (ಸ್ಫಟಿಕದಲ್ಲಿನ ಇಲೆಕ್ಟ್ರಾನ್ ತರಂಗಗಳನ್ನು ಮಾದರಿಗಾಗಿ ಆರಿಸುವ ಬಿಂದುಗಳು) 4×4×1ರಿಂದ 8×8×1ರವರೆಗೆ ಬಿಗಿಗೊಳಿಸಿ, ಬಳಿಕ ಪದರಗಳನ್ನು ಒಂದೊಂದಾಗಿ ಏರಿಸಿದೆ. ಪದರ ಹೆಚ್ಚಿದಂತೆ ಶಕ್ತಿ ಮೇಲೆ ಕೆಳಗೆ ಓಲಾಡುವುದರಿಂದ, ಅಕ್ಕಪಕ್ಕದ ಎರಡು ಅಂಕಿಗಳು ಹೊಂದಿದೊಡನೆ ನಿಲ್ಲಿಸುವಂತಿಲ್ಲ.

ಇಷ್ಟಾದ ಮೇಲೂ ಅಣು ಮೂರು ಪರಮಾಣುಗಳ ನಡುವಿನ ಕುಳಿಯಲ್ಲಿ ಕೂರುವುದೇ ಹೆಚ್ಚು ಸ್ಥಿರ ಎನ್ನುತ್ತದೆ ಪಿಬಿಇ. ಅಣುಗಳು ವಿರಳವಾಗಿದ್ದಾಗ ಪ್ರಯೋಗದಲ್ಲಿ ಕಾಣುವುದು ಒಂದು ಪರಮಾಣುವಿನ ನೆತ್ತಿಯ ಮೇಲೆ ನಿಂತ ಅಣು. 2001ರಲ್ಲಿ ಫೈಬೆಲ್‌ಮನ್ ಮತ್ತು ಸಂಗಡಿಗರು ಈ ಒಗಟನ್ನು ವಿಜ್ಞಾನಲೋಕದ ಮುಂದೆ ಸ್ಪಷ್ಟವಾಗಿ ಇಟ್ಟರು. ಇಂಥ ಫಂಕ್ಷನಲ್‌ಗಳು ಅಣುವಿನ ಖಾಲಿ ಕಕ್ಷಕವನ್ನು ಇರಬೇಕಾದುದಕ್ಕಿಂತ ಕೆಳಗಿಡುತ್ತವೆ. ಲೋಹದಿಂದ ಅದಕ್ಕೆ ಹರಿಯುವ ಇಲೆಕ್ಟ್ರಾನುಗಳ ಪಾಲು ಹಿಗ್ಗಿ, ಕುಳಿಗೆ ಅದರ ಲಾಭ ಹೆಚ್ಚು ಸಿಗುತ್ತದೆ. ಕಟಾಫ್ ಎಷ್ಟೇ ಏರಿಸಿದರೂ ಇದು ಸರಿಹೋಗದು, ಏಕೆಂದರೆ ದೋಷವಿರುವುದು ಅಂದಾಜಿನಲ್ಲಿ, ಅಂಕಗಣಿತದಲ್ಲಲ್ಲ.

ಇಲ್ಲಿ ನನಗೆ ಕಂಪನದ ಲೆಕ್ಕ ನೆರವಾಯಿತು. ಬಿಡಿ ಅಣುವಿನ ಕಂಪನ ಪ್ರತಿ ಸೆಂಟಿಮೀಟರಿಗೆ 2143 ತರಂಗಗಳಷ್ಟು; ಪ್ಲಾಟಿನಂ ಮೇಲೆ ಅಳೆದದ್ದು ಸುಮಾರು 2100. ನೆತ್ತಿಯ ಸ್ಥಾನಕ್ಕೆ ಬಂದ ಲೆಕ್ಕ ಇದಕ್ಕೆ ಹತ್ತಿರ, ಕುಳಿಯದು ಸುಮಾರು 300ರಷ್ಟು ಕೆಳಗೆ. ಶಕ್ತಿಯ ಕ್ರಮದಲ್ಲಿ ತಪ್ಪುವ ಫಂಕ್ಷನಲ್ ಕೂಡ ಅಣುವಿನ ಜಾಗವನ್ನು ಸರಿಯಾಗಿ ಗುರುತಿಸಲು ಸಾಕಾಗುತ್ತದೆ.

ಈಗ ತಾಮ್ರದ ಮೇಲೆ ಕಾರ್ಬನ್ ಡೈಆಕ್ಸೈಡ್ ಒಡೆಯುವ ಕ್ರಿಯೆಯ ಲೆಕ್ಕಗಳಲ್ಲಿಯೂ ಇದೇ ಅಣು ನಡುವೆ ಬರುತ್ತದೆ. ಪಿಬಿಇ ಮತ್ತು ಅದರ ಮಾರ್ಪಾಡಾದ ಆರ್‌ಪಿಬಿಇ ಎರಡರ ಅಂಕಿಗಳನ್ನೂ ಅಕ್ಕಪಕ್ಕ ಬರೆದಿಡುತ್ತೇನೆ. ಎರಡು ಸ್ಥಾನಗಳ ಕ್ರಮ ಅವುಗಳ ನಡುವೆ ಅದಲುಬದಲಾದರೆ ಆ ಕ್ರಮದ ಮೇಲೆ ಯಾವ ತೀರ್ಮಾನವನ್ನೂ ಕಟ್ಟುವುದಿಲ್ಲ, ಅಳೆದ ಕಂಪನ ಲಭ್ಯವಿದ್ದರೆ ಮೊದಲು ಅದಕ್ಕೆ ಹೋಲಿಸುತ್ತೇನೆ.