ಒಂದೇ ಸೇವ್ ಇಟ್ಟುಕೊಂಡು ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಮುಗಿಸಿದೆ

ಮೊನ್ನೆ ರಾತ್ರಿ ಎರಡು ಗಂಟೆಗೆ ಕೊನೆಗೂ ಮುಗೀತು. ಒಟ್ಟು ಅರವತ್ತು ಗಂಟೆ ಚಿಲ್ಲರೆ ಆಯಿತು. ಅದರಲ್ಲಿ ಪೂರ್ತಿ ಒಂದು ವಾರ ಒಂದೇ ಕೋಟೆಯಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದೆ. ಈ ಬರಹ ಮುಖ್ಯವಾಗಿ ಆ ವಾರದ ಬಗ್ಗೆ.

ಮೂಲ ಗೇಮ್ 1997ರದ್ದು, ಮೊದಲ ಪ್ಲೇಸ್ಟೇಷನ್‌ಗೆ ಬಂದಿದ್ದು. ನಾನು ಆಡಿದ್ದು 2007ರಲ್ಲಿ ಪಿಎಸ್‌ಪಿಗೆ ಬಂದ 'ದ ವಾರ್ ಆಫ್ ದ ಲಯನ್ಸ್' ರೂಪ, ಅದನ್ನೂ ಫೋನಿನಲ್ಲಿ. 2025ರಲ್ಲಿ ಮತ್ತೆ ಹೊಸದಾಗಿ ಬಂದಿದೆ, ಅದನ್ನಿನ್ನೂ ಮುಟ್ಟಿಲ್ಲ. ಇನ್ನೊಂದು ಮಾತು, ಮುಂದೆ ಕಥೆಯ ಗುಟ್ಟೆಲ್ಲ ಬರುತ್ತದೆ. ಆಡಬೇಕು ಅಂತಿರುವವರು ಇಲ್ಲೇ ನಿಲ್ಲಿಸಿಬಿಡಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೌಕಗಳಿರುವ ನೆಲ, ಅದರಲ್ಲಿ ಏರು ತಗ್ಗು, ನಮ್ಮ ಕಡೆಯಿಂದ ಹೆಚ್ಚೆಂದರೆ ಐದು ಜನ. ಚದುರಂಗದ ಹಾಗೆ ನನ್ನದೊಂದು ನಡೆ, ನಿನ್ನದೊಂದು ನಡೆ ಅಂತಿಲ್ಲ. ಪ್ರತಿಯೊಬ್ಬರಿಗೂ ಒಂದು ವೇಗ ಇರುತ್ತದೆ, ಅದು ಕೂಡುತ್ತಾ ಕೂಡುತ್ತಾ 100 ಮುಟ್ಟಿದಾಗ ಅವರ ಸರದಿ. ವೇಗ 8 ಇದ್ದವನಿಗೆ 13 ಸಲ ಕೂಡಬೇಕು, 10 ಇದ್ದವನಿಗೆ 10 ಸಲ ಸಾಕು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ನಾನು ಇಟ್ಟುಕೊಂಡಿರಲಿಲ್ಲ.

ಮೊದಲ ಪೆಟ್ಟು ಡೋರ್ಟರ್ ಊರಿನಲ್ಲಿ ಬಿತ್ತು. ಅಲ್ಲಿವರೆಗೆ ಎಲ್ಲ ಸಲೀಸು. ಇಲ್ಲಿ ಮಾಳಿಗೆ ಮೇಲೆ ಬಿಲ್ಲುಗಾರ, ಕೆಳಗೆ ಮಾಂತ್ರಿಕರು, ನಾನು ಬೀದಿ ಮಧ್ಯೆ ಗುಂಪಾಗಿ ನಿಂತಿದ್ದೇನೆ. ನನ್ನ ಬಿಲ್ಲುಗಾರ್ತಿ ಬಿದ್ದಳು. ಬಿದ್ದವರ ತಲೆ ಮೇಲೆ 3 ಅಂತ ಅಂಕಿ ಬರುತ್ತದೆ, ಅವರ ಒಂದೊಂದು ಸರದಿಗೂ ಒಂದೊಂದು ಇಳಿಯುತ್ತದೆ. ಅಷ್ಟರೊಳಗೆ ಹೋಗಿ ಎಬ್ಬಿಸಲಿಲ್ಲ ಅಂದರೆ ಆ ವ್ಯಕ್ತಿ ಹರಳಾಗಿಯೋ ಪೆಟ್ಟಿಗೆಯಾಗಿಯೋ ಬದಲಾಗುತ್ತಾರೆ, ಅಲ್ಲಿಗೆ ಮುಗೀತು, ವಾಪಸ್ ಬರೋದಿಲ್ಲ. ನಾನು ಇನ್ನೂ ಟೈಮಿದೆ ಅಂತ ಬೇರೆಯವರನ್ನು ಹೊಡೆಯುತ್ತಾ ಕೂತೆ. ಅವಳು ಹರಳಾದಳು. ನನ್ನವನೊಬ್ಬ ಆ ಚೌಕಕ್ಕೆ ಕಾಲಿಟ್ಟರೆ ಗೇಮ್ ಕೇಳುತ್ತದೆ, ಜೀವ ತುಂಬಿಸಿಕೊಳ್ತೀಯಾ, ಇಲ್ಲಾ ಅವಳು ಕಲಿತಿದ್ದ ವಿದ್ಯೆ ತಗೊಳ್ತೀಯಾ? ತಗೊಂಡೆ. ಯಾಕೋ ಕಳ್ಳತನ ಮಾಡಿದ ಹಾಗನಿಸಿತು. ಅವಳ ಹೆಸರು ಗೇಮೇ ಕೊಟ್ಟಿದ್ದು, ಕಥೆಯಲ್ಲಿ ಅವಳದೊಂದು ಮಾತೂ ಇಲ್ಲ, ಆದರೂ.

ಆಮೇಲೆ ನಾನು ಹೆದರಿಕೊಂಡು ಒಂದು ದಡ್ಡ ಕೆಲಸ ಮಾಡಿದೆ. ಇಲ್ಲಿ ಜಾಬ್‌ಗಳಿವೆ, ಅಂದರೆ ಒಬ್ಬೊಬ್ಬರಿಗೆ ಕೊಡುವ ಕಸುಬು, ಸ್ಕ್ವೈರ್, ಕೆಮಿಸ್ಟ್‌ನಿಂದ ಶುರುವಾಗಿ ನೈಟ್, ಮಾಂಕ್, ನಿಂಜಾ, ಸಮುರಾಯ್ ತನಕ. ಏನೇ ಮಾಡಿದರೂ ಆ ಜಾಬ್‌ಗೆ ಜೆಪಿ (ಜಾಬ್ ಪಾಯಿಂಟ್) ಸಿಗುತ್ತದೆ, ಅದನ್ನು ಕೊಟ್ಟು ಸ್ಕಿಲ್ ಕಲಿಯಬೇಕು. 'ಏನೇ ಮಾಡಿದರೂ' ಅಂದರೆ ನಿಜವಾಗಿಯೂ ಏನೇ ಮಾಡಿದರೂ. ಶತ್ರುಗಳಲ್ಲಿ ಒಬ್ಬನನ್ನು ಉಳಿಸಿಕೊಂಡು ನಮ್ಮವರ ಮೇಲೆ ನಮ್ಮವರೇ ಕಲ್ಲೆಸೆಯುತ್ತಾ ಕೂತರೂ ಸಿಗುತ್ತದೆ. ಎರಡು ಸಂಜೆ ಇದನ್ನೇ ಮಾಡಿದೆ. ದಯವಿಟ್ಟು ಮಾಡಬೇಡಿ. ದಾರಿಯಲ್ಲಿ ಎದುರಾಗುವ ಕಾಳಗಗಳು ನಮ್ಮ ಲೆವೆಲ್‌ಗೆ ತಕ್ಕಂತೆ ಏರುತ್ತವೆ. ಹಾಗಾಗಿ ಲೆವೆಲ್ ಏರಿಸಿಕೊಂಡು ಕೈಯಲ್ಲಿ ಹಳೇ ಕತ್ತಿ ಹಿಡಿದಿದ್ದ ನನ್ನ ಗುಂಪಿಗೆ ಕಾಡಿನ ಪ್ರಾಣಿಗಳೇ ಬಾಸ್‌ಗಿಂತ ಜಾಸ್ತಿ ಕಾಟ ಕೊಟ್ಟವು.

ಇಷ್ಟರಲ್ಲಿ ನನ್ನ ನಾಯಕ ರಾಮ್ಜಾನನ್ನು ಕಪ್ಪು ಮಾಂತ್ರಿಕನಾಗಿ ಮಾಡಿದ್ದೆ. ಹಿಂದೆ ನಿಂತು ಬೆಂಕಿ, ಸಿಡಿಲು ಬೀಳಿಸೋದು, ಮುಂದೆ ನೈಟ್‌ಗಳು ಪೆಟ್ಟು ತಿನ್ನೋದು. ಸ್ಕ್ವೈರ್ ಜಾಬ್ ಅಂದರೆ ಮೊದಲ ದಿನದ ಬಟ್ಟೆ ಅಂತಲೇ ಅಂದುಕೊಂಡಿದ್ದೆ, ಮೊದಲನೇ ಅಧ್ಯಾಯದ ನಂತರ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಈಗ ಆ ಕೋಟೆ. ರಿಯೋವಾನೆಸ್, ಮೂರನೇ ಅಧ್ಯಾಯದ ಕೊನೆ. ಅಲ್ಲಿ ಬಾಗಿಲಲ್ಲಿ ಒಂದು, ಒಳಗೆ ಒಂದು, ಛಾವಣಿ ಮೇಲೆ ಒಂದು, ಹೀಗೆ ಸಾಲಾಗಿ ಮೂರು ಕಾಳಗ. ನಡುವೆ 'ಸೇವ್ ಮಾಡ್ತೀಯಾ?' ಅಂತ ಪ್ರೀತಿಯಿಂದ ಕೇಳುತ್ತದೆ. ಹೂಂ ಅಂದೆ. ಹಾಗೆ ಅಂದ ಮೇಲೆ ಹೊರಗಿನ ನಕ್ಷೆಗೆ ಹೋಗುವ ದಾರಿಯೇ ಇಲ್ಲ ಅನ್ನೋದು ನಂತರ ತಿಳಿಯಿತು. ಅಂಗಡಿ ಇಲ್ಲ, ಲೆವೆಲ್ ಏರಿಸೋಕೆ ಜಾಗ ಇಲ್ಲ. ನಾನು ಶುರುವಿನಿಂದ ಒಂದೇ ಸ್ಲಾಟ್‌ನಲ್ಲಿ ಸೇವ್ ಮಾಡುತ್ತಾ ಬಂದವನು. ಹಳೇ ಸೇವ್ ಅಂತ ಒಂದೂ ಇಲ್ಲ.

ಒಳಗೆ ವೀಗ್ರಾಫ್ ಕಾಯುತ್ತಿದ್ದ, ಮೊದಲನೇ ಅಧ್ಯಾಯದ ಬಂಡುಕೋರರ ನಾಯಕ. ಅವನ ತಂಗಿಯನ್ನು ಮೊದಲನೇ ಅಧ್ಯಾಯದಲ್ಲಿ ನಾವೇ ಕೊಂದಿದ್ದೇವೆ, ಆದ್ದರಿಂದ ಅವನ ಸಿಟ್ಟಿಗೆ ಅರ್ಥ ಇದೆ. ಆದರೆ ಈ ಕಾಳಗದಲ್ಲಿ ರಾಮ್ಜಾ ಒಬ್ಬನೇ. ಉಳಿದ ನಾಲ್ವರು ಬರೋದು ಆಮೇಲೆ. ಒಬ್ಬಂಟಿ ಮಾಂತ್ರಿಕ ಮಂತ್ರ ಹೇಳೋಕೆ ಶುರು ಮಾಡಿ ಅದು ಮುಗಿಯೋಕೆ ಕಾಯುತ್ತಿರುವಾಗಲೇ ವೀಗ್ರಾಫ್ ಕತ್ತಿಯಿಂದ ಸಿಡಿಲು ಬೀಳಿಸುತ್ತಾನೆ. ಎರಡನೇ ಸರದಿ ಬರೋದರೊಳಗೆ ರಾಮ್ಜಾ ನೆಲದ ಮೇಲೆ. ಮತ್ತೆ ಲೋಡ್. ಮತ್ತೆ ನೆಲದ ಮೇಲೆ. ಹನ್ನೊಂದು ಸಲ ಎಣಿಸಿದೆ, ಆಮೇಲೆ ಎಣಿಸೋದು ಬಿಟ್ಟೆ. ಮೂರು ದಿನ ಗೇಮ್ ತೆರೆಯಲೇ ಇಲ್ಲ. ಮೊದಲಿಂದ ಶುರು ಮಾಡೋದೋ, ಅಳಿಸಿಹಾಕೋದೋ ಅಂತ ಯೋಚನೆ.

ನಾಲ್ಕನೇ ದಿನ ಸುಮ್ನೆ ತೆರೆದು, ಕಾಳಗಕ್ಕೆ ಮುಂಚೆ ಜನರನ್ನು ನಿಲ್ಲಿಸುವ ಪರದೆಯಲ್ಲಿ ಅಡ್ಡಾಡುತ್ತಿದ್ದೆ. ಅಲ್ಲಿ ಜಾಬ್ ಬದಲಿಸಬಹುದು, ಇರುವ ಜೆಪಿಯಲ್ಲಿ ಸ್ಕಿಲ್ ಕಲಿಯಬಹುದು. ಸ್ಕ್ವೈರ್ ಪುಟ ತೆರೆದೆ. ಕಲ್ಲೆಸೆದು ಗಳಿಸಿದ ಜೆಪಿ ಹಾಗೇ ಬಿದ್ದಿದೆ! ಪಟ್ಟಿಯಲ್ಲಿ ಟೇಲ್‌ವಿಂಡ್ ಅಂತ ಒಂದು, ವೇಗ 1 ಹೆಚ್ಚುತ್ತದೆ ಅಂತ ವಿವರಣೆ. ಬರೀ ಒಂದು. ಇದನ್ನು ಮೊದಲೇ ನೋಡಿದ್ದೆ, ಒಂದರಿಂದ ಏನಾಗುತ್ತೆ ಅಂತ ಬಿಟ್ಟಿದ್ದೆ. ಪಕ್ಕದಲ್ಲಿ ಫೋಕಸ್, ಅದು ಮೈಬಲ ಒಂದು ಏರಿಸುತ್ತದೆ. ಎಷ್ಟು ಸಲ ಬೇಕಾದರೂ ಮಾಡಿಕೊಳ್ಳಬಹುದು, ಕಾಳಗ ಮುಗಿಯುವ ತನಕ ಇಳಿಯೋದಿಲ್ಲ.

ಎರಡನ್ನೂ ಕಲಿಸಿದೆ. ರಾಮ್ಜಾನನ್ನು ಮತ್ತೆ ಸ್ಕ್ವೈರ್ ಮಾಡಿ, ನೈಟ್ ಮೈಮೇಲಿದ್ದ ಕವಚ, ಗುರಾಣಿ ಬಿಚ್ಚಿಸಿ ಇವನಿಗೆ ತೊಡಿಸಿದೆ. ಕೆಮಿಸ್ಟ್‌ನಲ್ಲಿ ಹಿಂದೆಂದೋ ಕಲಿತಿದ್ದ ಆಟೋ-ಪೋಷನ್ ಹಾಕಿದೆ, ಅಂದರೆ ಪೆಟ್ಟು ಬಿದ್ದ ಕೂಡಲೇ ತಾನಾಗಿ ಔಷಧಿ ಕುಡಿಯುವುದು. ಇದರಲ್ಲೂ ಒಂದು ತಮಾಷೆ ಇದೆ. ಚೀಲದಲ್ಲಿರುವುದರಲ್ಲಿ ತೀರಾ ಅಗ್ಗದ್ದನ್ನೇ ಮೊದಲು ಕುಡಿಯುತ್ತಾನೆ. ನನ್ನ ಹತ್ತಿರ 30 ಜೀವ ತುಂಬುವ ಸಾದಾ ಬಾಟಲಿಗಳು ರಾಶಿ ಇದ್ದವು, ಮಾರೋಕೆ ಅಂಗಡಿ ಇಲ್ಲ. ಒಳ್ಳೆಯ ಔಷಧಿ ಇಟ್ಟುಕೊಂಡು ಕಷಾಯ ಕುಡಿದ ಹಾಗೆ.

ಶುರುವಾಯಿತು. ಮೊದಲ ಪೆಟ್ಟು ಬಿತ್ತು, ಸಾಯಲಿಲ್ಲ. ದೂರ ಓಡಿದೆ, ಟೇಲ್‌ವಿಂಡ್. ಅವನು ಬಂದ, ಹೊಡೆದ. ಮತ್ತೆ ಓಡಿದೆ, ಟೇಲ್‌ವಿಂಡ್. ನಾಲ್ಕು ಸಲ ಹೀಗೆ, ಜೀವ ಒಂದಂಕಿಗೆ ಇಳಿದಿತ್ತು, ಬೆರಳು ಬೆವರಿ ಬೇರೆ ಚೌಕ ಒತ್ತಿಬಿಡ್ತೀನೇನೋ ಅಂತ ಭಯ. ಐದನೇ ಸಲಕ್ಕೋ ಆರನೇ ಸಲಕ್ಕೋ ಸರದಿಯ ಪಟ್ಟಿ ನೋಡಿದರೆ ರಾಮ್ಜಾ, ರಾಮ್ಜಾ, ವೀಗ್ರಾಫ್ ಅಂತಿದೆ. ಅವನ ಒಂದು ನಡೆಗೆ ನನ್ನದು ಎರಡು! ಒಂದರಲ್ಲಿ ಔಷಧಿ, ಒಂದರಲ್ಲಿ ಟೇಲ್‌ವಿಂಡ್. ಆಮೇಲೆ ಮೂರಾಯಿತು, ನಾಲ್ಕಾಯಿತು. ಅಲ್ಲಿಂದ ಫೋಕಸ್ ಶುರು ಮಾಡಿದೆ. ಕತ್ತಿಯ ಪೆಟ್ಟು ಅಂದರೆ ಮೈಬಲ ಗುಣಿಸು ಕತ್ತಿಯ ಬಲ, ಹಾಗಾಗಿ ಒಂದೊಂದು ಫೋಕಸ್‌ಗೂ ಕತ್ತಿಯ ಬಲದಷ್ಟು ಪೆಟ್ಟು ಜಾಸ್ತಿ ಆಗುತ್ತಾ ಹೋಗುತ್ತದೆ. ಅರ್ಧ ಗಂಟೆ ಹೀಗೆ ಓಡಾಡಿಸಿ ಕೊನೆಗೆ ಹೋಗಿ ಹೊಡೆದೆ. ವೀಗ್ರಾಫ್ ಬೀಳುವ ಬದಲು ಬೆಲಿಯಾಸ್ ಅನ್ನೋ ದೈತ್ಯನಾಗಿ ಬದಲಾದ, ಜೊತೆಗೆ ಮೂರು ಪಿಶಾಚಿಗಳು. ನನ್ನ ಉಳಿದ ನಾಲ್ವರೂ ಬಂದರು. ಅವರಿಗೆ ಕೆಲಸವೇ ಇರಲಿಲ್ಲ. ಕಾಳಗ ಅದೇ, ಏರಿಸಿಕೊಂಡ ಬಲ ಹಾಗೇ ಇತ್ತು. ಬೆಲಿಯಾಸ್ ಕಣ್ಣು ಬಿಡೋದರೊಳಗೆ ಮುಗಿದಿದ್ದ.

ನ್ಯಾಯವಾಗಿ ಹೇಳಬೇಕಂದರೆ, ಇದು ಗೇಮ್‌ನ ತಪ್ಪೇ. ಒಬ್ಬನೇ ಹೋರಾಡಬೇಕು ಅಂತ ಮೊದಲೇ ಸುಳಿವು ಕೊಡದೆ, ಹಿಂದೆ ಹೋಗುವ ಬಾಗಿಲನ್ನೂ ಹಾಕಿಬಿಡೋದು ಸರಿಯಲ್ಲ. ಆದರೆ ಆ ಅರ್ಧ ಗಂಟೆಯಷ್ಟು ಮಜಾ ಉಳಿದ ಅರವತ್ತು ಗಂಟೆಯಲ್ಲಿ ಸಿಗಲಿಲ್ಲ ಅನ್ನೋದೂ ನಿಜ.

ಛಾವಣಿಯ ಕಾಳಗದ ಬಗ್ಗೆ ಹೇಳುವಂಥದ್ದು ಕಡಿಮೆ. ಅಲ್ಲಿ ರಾಫಾ ಅನ್ನೋ ಹುಡುಗಿಯನ್ನು ಉಳಿಸಬೇಕು, ಅವಳು ನಮ್ಮ ಮಾತು ಕೇಳೋದಿಲ್ಲ, ಸೀದಾ ಕೊಲೆಗಡುಕಿಯರ ಹತ್ತಿರ ಓಡುತ್ತಾಳೆ. ಒಂದು ಸಲವಂತೂ ನನ್ನ ಸರದಿ ಬರೋದಕ್ಕೂ ಮುಂಚೆ ಸತ್ತಳು. ಮೂರನೇ ಸಲ ಅದೃಷ್ಟ ಕೈಹಿಡಿಯಿತು, ಅಷ್ಟೇ.

ನಾಲ್ಕನೇ ಅಧ್ಯಾಯದಲ್ಲಿ ಆರ್ಲಾಂಡು ಅನ್ನೋ ಮುದುಕ ಸೇರಿಕೊಳ್ಳುತ್ತಾನೆ. ಬರುವಾಗಲೇ ಎಕ್ಸ್‌ಕ್ಯಾಲಿಬರ್ ಕತ್ತಿ ಹಿಡಿದು ಬರುತ್ತಾನೆ, ಅದು ಕೈಯಲ್ಲಿದ್ದರೆ ಸದಾ ಒಂದೂವರೆ ಪಟ್ಟು ಚುರುಕು. ಎರಡು ಕಾಳಗ ಅವನೇ ಮುಗಿಸಿದ, ನಾನು ಬರೀ ನೋಡಿದೆ. ಆಮೇಲೆ ಅವನನ್ನು ಕೂರಿಸಿಬಿಟ್ಟೆ. ಅಷ್ಟು ಪಾಡುಪಟ್ಟು ಬಂದವರಿಗೆ ಇವನೊಬ್ಬ ಸಿಕ್ಕರೆ ಆಟದ ರುಚಿಯೇ ಹೋಗುತ್ತದೆ.

ಕಥೆ ಬಗ್ಗೆ. ಭಾಷೆ ಹಳೇ ಕಾಲದ ಇಂಗ್ಲಿಷ್, ಹಳಗನ್ನಡದ ಹಾಗೆ ಎರಡೆರಡು ಸಲ ಓದಬೇಕಾಯಿತು. ಯಾವ ದೊರೆ ಯಾರ ಕಡೆ ಅನ್ನೋದು ಮಧ್ಯದಲ್ಲಿ ನನಗೆ ಪೂರ್ತಿ ಕಲಸಿಹೋಯಿತು. ಆದರೆ ಡೆಲಿಟಾ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ರಾಮ್ಜಾ ದೊಡ್ಡ ಮನೆತನದ ಹುಡುಗ, ಡೆಲಿಟಾ ಅದೇ ಮನೆಯಲ್ಲಿ ಬೆಳೆದ ಬಡವರ ಹುಡುಗ. ಅವನ ತಂಗಿ ಟಿಯೆಟ್ರಾಳನ್ನು ಬಂಡುಕೋರರು ಒತ್ತೆ ಇಟ್ಟುಕೊಂಡಾಗ ರಾಮ್ಜಾನ ಮಲಅಣ್ಣನೇ ಅವಳ ಮೇಲೆ ಬಾಣ ಹೊಡೆಸುತ್ತಾನೆ. ದೊಡ್ಡ ಮನೆಯ ಹುಡುಗಿ ಆಗಿದ್ದರೆ ಹೊಡೆಸುತ್ತಿದ್ದನಾ? ಅಲ್ಲಿಂದ ಡೆಲಿಟಾ ಎಲ್ಲರನ್ನೂ ಮೆಟ್ಟಿಲು ಮಾಡಿಕೊಂಡು ಕೊನೆಗೆ ರಾಜನಾಗುತ್ತಾನೆ. ಲೋಕ ಉಳಿಸಿದ ರಾಮ್ಜಾ ಧರ್ಮದ್ರೋಹಿ ಅನ್ನಿಸಿಕೊಂಡು ಚರಿತ್ರೆಯಿಂದಲೇ ಅಳಿಸಿಹೋಗುತ್ತಾನೆ. ನಿಜ ಬರೆದ ಓರಾನ್‌ನನ್ನು ಸುಡುತ್ತಾರೆ.

ಕೊನೇ ದೃಶ್ಯ ಎರಡು ಸಲ ನೋಡಿದೆ. ಹೂವು ಹಿಡಿದು ಬಂದ ಡೆಲಿಟಾನನ್ನು ರಾಣಿ ಒವೀಲಿಯಾ ಚಾಕುವಿನಿಂದ ಇರಿಯುತ್ತಾಳೆ, ಅವನು ಅದೇ ಚಾಕುವಿನಿಂದ ಅವಳನ್ನು. ಆಮೇಲೆ ಅಲ್ಲಿಲ್ಲದ ರಾಮ್ಜಾನನ್ನು ಕೇಳುತ್ತಾನೆ, ನಿನಗೇನು ಸಿಕ್ಕಿತು ಅಂತ. ಉತ್ತರ ಇಲ್ಲ. ಡೆಲಿಟಾನನ್ನು ಬರೀ ಕೆಟ್ಟವನು ಅನ್ನುವವರ ಜೊತೆ ನನಗೆ ಜಗಳ ಇದೆ, ಅವನಿಗೆ ಒವೀಲಿಯಾ ಮೇಲೆ ನಿಜವಾಗಿಯೂ ಪ್ರೀತಿ ಇತ್ತು ಅಂತಲೇ ನನ್ನ ಲೆಕ್ಕ, ಆದರೆ ಅಷ್ಟು ಜನರಿಗೆ ಸುಳ್ಳು ಹೇಳಿದವನನ್ನು ಅವಳು ಹೇಗೆ ನಂಬಬೇಕಿತ್ತು ಅಂದರೆ ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ನಿನ್ನೆ ಮತ್ತೆ ಹೊಸದಾಗಿ ಶುರು ಮಾಡಿದೆ. ಡೋರ್ಟರ್‌ನಲ್ಲಿ ಈ ಸಲವೂ ಒಬ್ಬಳು ಬಿದ್ದಳು, 2 ಅಂತ ತೋರಿಸುವಾಗಲೇ ಓಡಿಹೋಗಿ ಎಬ್ಬಿಸಿದೆ. ಸೇವ್ ಮಾತ್ರ ಮೂರು ಕಡೆ ಮಾಡುತ್ತಿದ್ದೇನೆ.